ಎಲ್ಲಾ ಚಿತ್ರಗಳನ್ನೂ ಪಿಎನ್‌ಜಿಯಲ್ಲೇ ಹಾಕಬಹುದಾ?

ಪ್ರಶ್ನೆ: ನಾನು ಈಗಷ್ಟೇ ವೆಬ್ ಡಿಸೈನ್ ಕಲಿಯುತ್ತಿದ್ದೇನೆ. ಪಿಎನ್‌ಜಿ ಎಂಬ ಫೈಲ್ ಬಗೆಯಲ್ಲಿ ಸೇವ್ ಮಾಡಿದರೆ ಚಿತ್ರದ ಕ್ವಾಲಿಟಿ ಹಾಳಾಗುವುದಿಲ್ಲ ಎಂದು ಓದಿದೆ. ಹಾಗಾದರೆ ಸೈಟಿನ ಎಲ್ಲಾ ಚಿತ್ರಗಳನ್ನೂ ಪಿಎನ್‌ಜಿಯಲ್ಲೇ ಹಾಕಿದರೆ ಆಯಿತಲ್ವಾ?

ಉತ್ತರ: ನೀವು ಓದಿದ್ದು ನಿಜ. ಆದರೂ ಹಾಗೆ ಮಾಡಬೇಡಿ. ಫೋಟೋಗಳಿಗಂತೂ ಖಂಡಿತ ಬೇಡ.

ಪಿಎನ್‌ಜಿ ಚಿತ್ರದ ಪ್ರತಿ ಚುಕ್ಕಿಯ (ಪಿಕ್ಸೆಲ್‌ನ) ಬಣ್ಣವನ್ನೂ ಇದ್ದ ಹಾಗೇ ಕಾಪಾಡುತ್ತದೆ. ಒಂದೇ ಬಣ್ಣ ಉದ್ದಕ್ಕೂ ಬಂದರೆ, ಒಂದೇ ವಿನ್ಯಾಸ ಮತ್ತೆ ಮತ್ತೆ ಬಂದರೆ, ಅದನ್ನು ಚಿಕ್ಕದಾಗಿ ಬರೆದಿಟ್ಟುಕೊಳ್ಳುತ್ತದೆ. ಸ್ಕ್ರೀನ್‌ಶಾಟ್, ಗ್ರಾಫ್, ಅಕ್ಷರವಿರುವ ಚಿತ್ರಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಫೋಟೋ ಹಾಗಲ್ಲ. ಆಕಾಶ ನಮ್ಮ ಕಣ್ಣಿಗೆ ಒಂದೇ ನೀಲಿ. ಕ್ಯಾಮೆರಾ ಸೆರೆಹಿಡಿದದ್ದರಲ್ಲಿ ಮಾತ್ರ ಪಕ್ಕಪಕ್ಕದ ಚುಕ್ಕಿಗಳೂ ಚೂರು ಚೂರು ಬೇರೆ ಇರುತ್ತವೆ. ಚಿಕ್ಕದು ಮಾಡಲು ಪಿಎನ್‌ಜಿಗೆ ಅಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ಹಾಗಾಗಿ ಅದೇ ಫೋಟೋದ ಪಿಎನ್‌ಜಿ ಫೈಲು, ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಜೆಪೆಗ್ ಫೈಲಿಗಿಂತ ಎಷ್ಟೋ ಪಟ್ಟು ದೊಡ್ಡದಾಗುತ್ತದೆ. ಆ ಭಾರವನ್ನು ಹೊರುವವರು ನಿಮ್ಮ ಪುಟ ತೆರೆಯಲು ಕಾಯುತ್ತಿರುವವರು.

1992ರಿಂದ ಇರುವ ಜೆಪೆಗ್ ಬೇರೆ ದಾರಿ ಹಿಡಿಯುತ್ತದೆ. ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಮಾಡಿಕೊಂಡು, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸಣ್ಣ ಏರಿಳಿತಗಳನ್ನು ಬಿಟ್ಟುಬಿಡುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಇದನ್ನೂ ಅದು ಬಳಸಿಕೊಳ್ಳುತ್ತದೆ. ಫೋಟೋದಲ್ಲಿ ಈ ನಷ್ಟ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಬಿಳಿ ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರದ ಸುತ್ತ ಬೂದು ಕಲೆಗಳು ಎದ್ದು ಕಾಣುತ್ತವೆ. ಲೋಗೋವನ್ನು ಜೆಪೆಗ್‌ನಲ್ಲಿ ಹಾಕಬಾರದು ಎನ್ನುವುದು ಇದಕ್ಕೇ. ಹಾಗೆ ಹಾಳಾದ ಲೋಗೋವನ್ನು ಆಮೇಲೆ ಪಿಎನ್‌ಜಿ ಮಾಡಿದರೆ ಸರಿಹೋಗುವುದಿಲ್ಲ. ಆ ಕಲೆಗಳೂ ಹಾಗೇ ಉಳಿಯುತ್ತವೆ, ಅಷ್ಟೆ.

ಲೋಗೋ, ಐಕಾನ್‌ಗಳಿಗೆ ನನ್ನ ಮೊದಲ ಆಯ್ಕೆ ಎಸ್‌ವಿಜಿ. ಅದರಲ್ಲಿ ಚುಕ್ಕಿಗಳಿರುವುದಿಲ್ಲ. ಗೆರೆ, ವೃತ್ತ, ಬಣ್ಣಗಳ ವಿವರ ಇರುತ್ತದೆ. ಎಷ್ಟೇ ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ. ಎಸ್‌ವಿಜಿ ಸಿಗದಿದ್ದರೆ ಪಿಎನ್‌ಜಿ ಬಳಸಿ. 1987ರ ಜಿಫ್ ಬೇಡ, ಅದರಲ್ಲಿ 256 ಬಣ್ಣ ಮಾತ್ರ. ಓಡಾಡುವ ಚಿತ್ರ ಬೇಕಿದ್ದರೂ ಈಗ ಸಣ್ಣ ವಿಡಿಯೋ ಹಾಕುವುದೇ ಹಗುರ.

ಫೋಟೋಗಳಿಗೆ ಜೆಪೆಗ್ ತಪ್ಪಲ್ಲ, ಆದರೆ ಇವತ್ತು ನಾನು ವೆಬ್‌ಪಿ ಆರಿಸುತ್ತೇನೆ. ಗೂಗಲ್ 2010ರಲ್ಲಿ ತಂದ ಇದು ಜೆಪೆಗ್ ಹಾಗೆ ವಿವರ ಬಿಡುತ್ತಲೂ, ಪಿಎನ್‌ಜಿ ಹಾಗೆ ಎಲ್ಲವನ್ನೂ ಕಾಪಾಡುತ್ತಲೂ ಕೆಲಸ ಮಾಡಬಲ್ಲದು. ಹಿನ್ನೆಲೆ ತೆಗೆದ ಫೋಟೋ ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಜೆಪೆಗ್‌ನಲ್ಲಿ ಪಾರದರ್ಶಕ ಹಿನ್ನೆಲೆಯೇ ಇಲ್ಲ, ಪಿಎನ್‌ಜಿ ಮಾಡಿದರೆ ಫೈಲು ಭಾರ. ವೆಬ್‌ಪಿಯಲ್ಲಿ ಎರಡೂ ತೊಂದರೆ ಇಲ್ಲ. 2020ರಲ್ಲಿ ಆಪಲ್‌ನ ಬ್ರೌಸರ್ ಸಫಾರಿ 14 ಕೂಡ ಇದನ್ನು ಒಪ್ಪಿಕೊಂಡ ಮೇಲೆ ಹಿಂಜರಿಯಲು ಕಾರಣ ಉಳಿದಿಲ್ಲ. ಇದಕ್ಕಿಂತ ಹೊಸ ಬಗೆಯಾದ ಎವಿಐಎಫ್ ಸಾಮಾನ್ಯವಾಗಿ ಇನ್ನೂ ಚಿಕ್ಕದು, ಆದರೆ ಫೈಲು ತಯಾರಾಗಲು ಹೆಚ್ಚು ಹೊತ್ತು ಬೇಕು, ಹಳೆಯ ಬ್ರೌಸರ್‌ಗಳಿಗೆ ಅರ್ಥವಾಗುವುದಿಲ್ಲ. ಎಚ್‌ಟಿಎಂಎಲ್‌ನ ಪಿಕ್ಚರ್ ಟ್ಯಾಗ್‌ನಲ್ಲಿ ಎವಿಐಎಫ್ ಮೊದಲು, ಆಮೇಲೆ ವೆಬ್‌ಪಿ, ಕೊನೆಗೆ ಜೆಪೆಗ್ ಕೊಡಿ. ಬ್ರೌಸರ್ ತನಗೆ ಗೊತ್ತಿರುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಲೇಬೇಕು. ಫೋಟೋ 4000 ಪಿಕ್ಸೆಲ್ ಅಗಲವಿದ್ದು, ಪುಟದಲ್ಲಿ 800 ಪಿಕ್ಸೆಲ್ ಜಾಗವಿದ್ದರೆ, ನೀವು ಸುಮ್ನೆ 25 ಪಟ್ಟು ಚುಕ್ಕಿ ಕಳಿಸಿದ ಹಾಗೆ. ದಟ್ಟ ಪರದೆಯ (ಅಷ್ಟೇ ಜಾಗದಲ್ಲಿ ಹೆಚ್ಚು ಚುಕ್ಕಿಗಳಿರುವ) ಫೋನುಗಳಿಗಾಗಿ ಎರಡರಷ್ಟು, ಅಂದರೆ 1600 ಇಟ್ಟುಕೊಂಡರೆ ಸಾಕು. ಮೂಲ ಫೋಟೋವನ್ನು ಮಾತ್ರ ಬೇರೆ ಕಡೆ ಜೋಪಾನವಾಗಿ ಎತ್ತಿಡಿ. ಜೆಪೆಗ್ ತಿದ್ದಿ ಮತ್ತೆ ಸೇವ್ ಮಾಡಿದಾಗೆಲ್ಲ ಇನ್ನಷ್ಟು ವಿವರ ಹೋಗುತ್ತದೆ. ಅದಕ್ಕೇ ಹೊಸ ಅಳತೆ ಬೇಕಾದಾಗಲೆಲ್ಲ ಆ ಮೂಲದಿಂದಲೇ ತೆಗೆಯಿರಿ.