ಎಳೆದ ಗೆರೆ ಮಾಯವಾದರೆ ಎಲ್ಲಿ ಹುಡುಕಬೇಕು?

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವರಿಗೆ ಕುಲುಮೆಯ ತಾಪಮಾನ ಏರಿಳಿಯುವ ಗ್ರಾಫ್ ಬೇಕು. ಇಳಕಲ್ಲಿನ ನೇಕಾರರಿಗೆ ಸೀರೆಯ ದಡಿಯನ್ನು ಚೌಕುಳಿ ಚೌಕುಳಿಯಾಗಿ ತುಂಬಿ ನೋಡುವ ಪರದೆ ಬೇಕು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಟ್ರ್ಯಾಕ್ಟರ್ ಮೇಲೆ ಕುಳಿತವನಿಗೂ ಓದಲು ಬರುವಷ್ಟು ದೊಡ್ಡ ಅಂಕಿ ಬೇಕು. ಇವು ಪ್ರೋಗ್ರಾಮ್ ಬರೆಯುವ ವಿಷುಯಲ್ ಸ್ಟುಡಿಯೋದ ಟೂಲ್‌ಬಾಕ್ಸಿನಲ್ಲಿ ನಮಗೆ ಬೇಕಾದ ಹಾಗೆಯೇ ಸಿದ್ಧವಾಗಿ ಸಿಗುವುದು ಕಡಿಮೆ. ಗೆರೆ, ಬಣ್ಣ, ಅಕ್ಷರ ಎಲ್ಲವನ್ನೂ ನಾವೇ ಬರೆಯಬೇಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಓದಿ ನಮ್ಮ ಕಡೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಡೇಟಾಬೇಸ್, ಲಾಗಿನ್, ರಿಪೋರ್ಟ್ ಇವನ್ನೆಲ್ಲ ಸಲೀಸಾಗಿ ಮಾಡುತ್ತಾರೆ. ಗೆರೆ ಎಳೆಯುವ ಜಾಗಕ್ಕೆ ಬಂದಾಗ ಮಾತ್ರ ವಾರಗಟ್ಟಲೆ ಒದ್ದಾಡುತ್ತಾರೆ. ಅವರ ಜಾಣತನಕ್ಕೇನೂ ಕೊರತೆಯಿಲ್ಲ. ಇಲ್ಲಿ ಪ್ರೋಗ್ರಾಮ್ ನಡೆಯುವ ಕ್ರಮವೇ ಬೇರೆ ಎಂದು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ.

ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: "ಸರ, ಬಟನ್ ಒತ್ತಿದ್ರ ಗ್ರಾಫ್ ಬರ್ತೈತ್ರಿ. ಆದ್ರ ವಿಂಡೋ ಕೆಳಗಿಳಿಸಿ ಮತ್ತ ಮ್ಯಾಲ ತಂದ್ರ ಏನೂ ಇರಂಗಿಲ್ರಿ." ಕೋಡ್ ತೆಗೆದು ನೋಡಿದರೆ, ವಿನ್‌ಫಾರ್ಮ್ಸ್ (ವಿಂಡೋ, ಬಟನ್ ಕಟ್ಟುವ ಮೈಕ್ರೋಸಾಫ್ಟಿನ ಸಲಕರಣೆ) ಆಗಿದ್ದರೆ ಬಟನ್ ಕ್ಲಿಕ್ಕಿನ ಒಳಗೇ ಕ್ರಿಯೇಟ್‌ಗ್ರಾಫಿಕ್ಸ್ ಕರೆದು ಗೆರೆ ಎಳೆದಿರುತ್ತಾರೆ. ಜಾವಾದಲ್ಲಿ ಅದೇ ಕೆಲಸಕ್ಕಿರುವ ಸ್ವಿಂಗ್ ಆಗಿದ್ದರೆ ಗೆಟ್‌ಗ್ರಾಫಿಕ್ಸ್. ಗೆರೆ ಕಾಣುತ್ತದೆ, ನಿಜ. ಆದರೆ ಅಲ್ಲೊಂದು ಗೆರೆ ಇತ್ತು ಎಂಬುದು ವಿಂಡೋಗೆ ಗೊತ್ತೇ ಇರುವುದಿಲ್ಲ. ಮತ್ತೆ ತೋರಿಸುವ ಹೊತ್ತು ಬಂದಾಗ ಸಿಸ್ಟಮ್ಮು "ಈ ಭಾಗ ಬರೆದುಕೊಡು" ಎಂದು ಕೇಳುವುದು ವಿನ್‌ಫಾರ್ಮ್ಸ್‌ನಲ್ಲಿ ಆನ್‌ಪೇಂಟ್, ಸ್ವಿಂಗ್‌ನಲ್ಲಿ ಪೇಂಟ್‌ಕಾಂಪೊನೆಂಟ್ ಎಂಬ ಫಂಕ್ಷನ್ನನ್ನು. ಅಲ್ಲಿ ಏನೂ ಬರೆದಿಲ್ಲದಿದ್ದರೆ ಖಾಲಿ ಹಿನ್ನೆಲೆಯೇ ಬರುತ್ತದೆ.

ಇಳಕಲ್ಲಿನವರಿಗೆ ಇದನ್ನು ವಿವರಿಸುವುದು ಸುಲಭ. ಮಗ್ಗಕ್ಕೆ ದಡಿಯ ವಿನ್ಯಾಸ ನೆನಪಿರುವುದಿಲ್ಲ, ಅದು ಇರುವುದು ಜಕಾರ್ಡಿನ ತೂತು ಹೊಡೆದ ರಟ್ಟುಗಳಲ್ಲಿ. ಪ್ರತಿ ಹೊಕ್ಕಿಗೂ ಮಗ್ಗ ರಟ್ಟನ್ನು ಹೊಸದಾಗಿ ಓದುತ್ತದೆ. ನಮ್ಮ ಪ್ರೋಗ್ರಾಮಿನಲ್ಲೂ ಅಂಕಿಗಳ ಲಿಸ್ಟ್ ಬೇರೆ, ಅದನ್ನು ಓದಿ ಬರೆಯುವ ಫಂಕ್ಷನ್ ಬೇರೆ. ಬಟನ್ ಒತ್ತಿದಾಗ ಲಿಸ್ಟಿಗೆ ಅಂಕಿ ಸೇರಿಸಿ, ಇನ್‌ವ್ಯಾಲಿಡೇಟ್ ಎಂದು ಕರೆದು ಬಿಟ್ಟುಬಿಡಿ. ಸ್ವಿಂಗ್‌ನಲ್ಲಿ ಅದೇ ಕೆಲಸಕ್ಕೆ ರಿಪೇಂಟ್. ಇವೆರಡೂ ತಕ್ಷಣ ಬರೆಯುವುದಿಲ್ಲ, "ಬರೆಯುವುದಿದೆ" ಎಂದು ಬೇಡಿಕೆ ಇಡುತ್ತವೆ ಅಷ್ಟೆ. ಹತ್ತು ಸಲ ಬೇಡಿಕೆ ಇಟ್ಟರೂ ಒಂದೇ ಸಲ ಬರೆಯಬಹುದು. ಅದು ಸರಿಯಾದ ನಡತೆಯೇ.

ಈ ತಪ್ಪು ಬರೆದವರ ಮೇಜಿನ ಮೇಲೆ ಸಿಕ್ಕಿಬೀಳದೆ ಗಿರಾಕಿಯ ಹತ್ತಿರ ಹೊರಬೀಳುವುದಕ್ಕೆ ಒಂದು ಕಾರಣ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇನ್ನೊಂದು ವಿಂಡೋವನ್ನು ಮೇಲೆ ಎಳೆದಾಡಿದರೆ ಸಾಕು, ಕೆಳಗಿನ ಗೆರೆಗಳು ಒರೆಸಿಹೋಗುತ್ತಿದ್ದವು, ತಪ್ಪು ಆಗಲೇ ಗೊತ್ತಾಗುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಪ್ರತಿ ವಿಂಡೋದ ಚಿತ್ರವನ್ನು ಸಿಸ್ಟಮ್ಮೇ ಬೇರೆ ಇಟ್ಟುಕೊಂಡು ಜೋಡಿಸಿ ತೋರಿಸುತ್ತದೆ. ಹಾಗಾಗಿ ಮೇಲೆ ಏನು ಮುಚ್ಚಿ ತೆಗೆದರೂ ಗೆರೆ ಉಳಿದಿರುತ್ತದೆ. ಅಳತೆ ಬದಲಿಸಿದಾಗ, ಮಿನಿಮೈಸ್ ಮಾಡಿ ತೆರೆದಾಗ ಮಾತ್ರ ತಪ್ಪು ಬಯಲಾಗುತ್ತದೆ. ಹಾಗಾಗಿ ಪರೀಕ್ಷೆ ಮಾಡುವಾಗ ಇವೆರಡನ್ನೂ ತಪ್ಪದೆ ಮಾಡಿ.

ಏನೂ ಕಾಣುತ್ತಿಲ್ಲ ಎಂಬ ದೂರು ಬಂದಾಗ ಎಲ್ಲರೂ ಮೊದಲು ಕೈ ಹಾಕುವುದು ಲೆಕ್ಕಕ್ಕೆ. ಸೂತ್ರ ತಿದ್ದುತ್ತಾರೆ, ಬಣ್ಣ ಬದಲಿಸುತ್ತಾರೆ. ನನ್ನ ಮಟ್ಟಿಗೆ ಲೆಕ್ಕದ ಸರದಿ ಕೊನೆಯದು. ಬರೆಯುವ ಫಂಕ್ಷನ್ ಕರೆಯಲ್ಪಡುತ್ತಿದೆಯೇ ಎಂಬುದನ್ನು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಅದಕ್ಕೆ ನಾನು ಬಳಸುವ ಉಪಾಯ ತೀರಾ ಸರಳ: ಆನ್‌ಪೇಂಟ್‌ನ ಮೊದಲ ಸಾಲಿನಲ್ಲೇ ಪ್ರತಿ ಸಲ ಬೇರೆ ಬೇರೆ ಬಣ್ಣದಿಂದ ಹಿನ್ನೆಲೆ ತುಂಬಿಸುವುದು. ಬಣ್ಣ ಬದಲಾಗದಿದ್ದರೆ ಕರೆಯೇ ಬರುತ್ತಿಲ್ಲ. ಒಂದು ಪಟ್ಟಿಯಷ್ಟೇ ಬದಲಾದರೆ ಅಷ್ಟು ಭಾಗವನ್ನು ಮಾತ್ರ ಬರೆಸಲಾಗುತ್ತಿದೆ. ಮಿಂಚಿನಂತೆ ಸದಾ ಬದಲಾಗುತ್ತಲೇ ಇದ್ದರೆ ಯಾರೋ ಆನ್‌ಪೇಂಟ್‌ನ ಒಳಗೇ ಇನ್‌ವ್ಯಾಲಿಡೇಟ್ ಕರೆದಿದ್ದಾರೆ, ಸಿಪಿಯು ಸುಮ್ಮನೆ ಸುಡುತ್ತಿದೆ. ಡೀಬಗರ್‌ನಲ್ಲಿ (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ನೋಡುವ ಸಲಕರಣೆ) ಬ್ರೇಕ್‌ಪಾಯಿಂಟ್ ಇಟ್ಟು ಇದನ್ನು ನೋಡಲು ಹೋಗಬೇಡಿ. ಡೀಬಗರ್ ಮುಂದೆ ಬಂದು ಹಿಂದೆ ಸರಿಯುವುದರಿಂದಲೇ ಕೆಲವು ಸಲ ಹೊಸ ಪೇಂಟ್ ಕರೆ ಹುಟ್ಟಿ ಲೆಕ್ಕ ತಪ್ಪಿಸುತ್ತದೆ.

ಕರೆಯೇ ಬರುತ್ತಿಲ್ಲವೆಂದರೆ ಕಾರಣಗಳು ಬೆರಳೆಣಿಕೆಯಷ್ಟು. ಜಾವಾದಲ್ಲಿ ಫಂಕ್ಷನ್ನಿನ ಹೆಸರಿನ ಕಾಗುಣಿತದಲ್ಲಿ ಒಂದಕ್ಷರ ತಪ್ಪಿದರೂ ಅದು ಯಾರೂ ಕರೆಯದ ಬೇರೆಯೇ ಫಂಕ್ಷನ್ ಆಗುತ್ತದೆ. ಮೇಲೆ ಓವರ್‌ರೈಡ್ ಗುರುತು ಹಾಕಿದ್ದರೆ ಕಂಪೈಲರ್ ಅಲ್ಲೇ ಹಿಡಿಯುತ್ತದೆ. ಕರೆ ಬಂದರೂ ಬಾರದಂತೆ ಕಾಣಿಸುವ ಇನ್ನೊಂದು ಕಾರಣ, ಅಳತೆ. ಒಳಗೆ ಯಾವ ಘಟಕವೂ ಇಲ್ಲದ ಜೆಪ್ಯಾನೆಲ್ (ಸ್ವಿಂಗ್‌ನ ಖಾಲಿ ಹಲಗೆ) ಒಂದನ್ನು ಫ್ಲೋಲೇಔಟ್ (ಘಟಕಗಳನ್ನು ಸಾಲಾಗಿ ಜೋಡಿಸುವ ಕ್ರಮ) ಇರುವ ಇನ್ನೊಂದರೊಳಗೆ ಇಟ್ಟರೆ ಅದಕ್ಕೆ ಸಿಗುವುದು 10 ಪಿಕ್ಸೆಲ್ ಅಗಲ, 10 ಪಿಕ್ಸೆಲ್ ಎತ್ತರ. ಎರಡು ಸಾವಿರ ಅಂಕಿಗಳ ಗ್ರಾಫ್ ಆ ಚುಕ್ಕೆಯೊಳಗೆ ಕೂತಿರುತ್ತದೆ. ಬೇಕಾದ ಅಳತೆ ಹೇಳುವ ಗೆಟ್‌ಪ್ರಿಫರ್ಡ್‌ಸೈಜ್ ಬರೆದರೆ ಸಮಸ್ಯೆ ಮುಗಿಯಿತು.

ಕರೆ ಬರುತ್ತಿದೆ, ಅಳತೆಯೂ ಇದೆ, ಆದರೆ ಚಿತ್ರ ವಿಕಾರವಾಗಿದೆ ಎಂದರೆ ಮೊದಲು ಕ್ಲಿಪ್ ರೆಕ್ಟ್ಯಾಂಗಲ್ ಬಳಸಿದ ರೀತಿ ನೋಡಿ. ಅದು "ಈಗ ಇಷ್ಟು ಭಾಗ ಮಾತ್ರ ಬರೆದರೆ ಸಾಕು" ಎಂದು ಸಿಸ್ಟಮ್ ಕೊಡುವ ಚೌಕಟ್ಟು. ಅದನ್ನೇ ಕಂಟ್ರೋಲಿನ (ಚಿತ್ರ ಬರೆಯುವ ಘಟಕದ) ಪೂರ್ತಿ ಅಳತೆ ಎಂದುಕೊಂಡು ಅಗಲವನ್ನು ಭಾಗಿಸುವವರು ಬಹಳ ಜನ. ಮೊದಲ ಸಲ ಎರಡೂ ಒಂದೇ ಆಗಿರುವುದರಿಂದ ಚಿತ್ರ ಸರಿ ಬರುತ್ತದೆ. ವಿಂಡೋವನ್ನು ಬಲಕ್ಕೆ ಹಿಗ್ಗಿಸಿದ ಕೂಡಲೇ ಹೊಸದಾಗಿ ತೆರೆದ ಕಿರಿದಾದ ಪಟ್ಟಿಯಷ್ಟೇ ಕ್ಲಿಪ್ಪಿನಲ್ಲಿರುತ್ತದೆ, ಇಡೀ ಗ್ರಾಫ್ ಆ ಪಟ್ಟಿಯ ಅಗಲಕ್ಕೆ ಲೆಕ್ಕವಾಗಿ ಚೂರುಚೂರಾಗುತ್ತದೆ. ಅಳತೆಗೆ ಕ್ಲೈಂಟ್‌ಸೈಜ್ ಬಳಸಿ. ವಿಂಡೋ ಹಿಗ್ಗಿದಾಗಲೆಲ್ಲ ಪೂರ್ತಿ ಹೊಸದಾಗಿ ಬರೆಯಬೇಕಾದ ಚಿತ್ರವಾದರೆ ರೀಸೈಜ್‌ರಿಡ್ರಾ ಎಂಬ ಗುಣವನ್ನು ಟ್ರೂ ಮಾಡಿ.

ಹಾಗೆಂದು ಕ್ಲಿಪ್ಪನ್ನು ಮರೆಯುವ ಹಾಗಿಲ್ಲ. 240 ಹಾಸು ಎಳೆ, 1,000 ಹೊಕ್ಕಿನ ವಿನ್ಯಾಸವೆಂದರೆ 2,40,000 ಚೌಕುಳಿ. ಒಂದು ಚೌಕುಳಿಯ ಬಣ್ಣ ಬದಲಿಸಿದ್ದಕ್ಕೆ ಅಷ್ಟನ್ನೂ ಮತ್ತೆ ಬರೆದರೆ ಮೌಸ್ ಮುಂದೆ, ಬಣ್ಣ ಹಿಂದೆ. ಆ ಚೌಕುಳಿಯ ಜಾಗವನ್ನಷ್ಟೇ ಇನ್‌ವ್ಯಾಲಿಡೇಟ್ ಮಾಡಿ, ಕ್ಲಿಪ್ಪಿನೊಳಗೆ ಬೀಳುವ ಸಾಲು ಕಂಬಗಳನ್ನು ಮಾತ್ರ ಲೂಪಿನಲ್ಲಿ ಸುತ್ತಿಸಿ. ಸ್ಕ್ರೋಲ್ ಇದ್ದರೆ ಇನ್ನೊಂದು ಎಚ್ಚರ: ವಿನ್‌ಫಾರ್ಮ್ಸ್‌ನ ಆಟೋಸ್ಕ್ರೋಲ್‌ಪೊಸಿಷನ್ ಓದಿದಾಗ ಋಣ ಸಂಖ್ಯೆ ಕೊಡುತ್ತದೆ. ಬರೆಯುವಾಗ ಅದನ್ನು ಹಾಗೆಯೇ ಕೂಡಿಸಬೇಕು, ಮೌಸ್ ಒತ್ತಿದ ಜಾಗದಿಂದ ಚೌಕುಳಿ ಕಂಡುಹಿಡಿಯುವಾಗ ಕಳೆಯಬೇಕು. ಒತ್ತಿದ್ದು ಒಂದು ಚೌಕುಳಿ, ಬಣ್ಣ ತುಂಬಿದ್ದು ಮತ್ತೊಂದು ಎಂದರೆ ತೊಂಬತ್ತು ಪಾಲು ತಪ್ಪು ಇಲ್ಲೇ ಇರುತ್ತದೆ.

ಫೌಂಡ್ರಿಗಳಿಂದ ಬರುವ ಒಂದು ದೂರನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ಹೆದರಿಸುವಂಥದ್ದು. ಎರಕದ ಕಬ್ಬಿಣ 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವಾಗ, ಸುರಿಯುವ ಹೊತ್ತಿಗೆ ಸರಿಯಾಗಿ, ಗ್ರಾಫಿನ ಜಾಗದಲ್ಲಿ ಬಿಳಿ ಡಬ್ಬಿ, ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಕತ್ತರಿ ಗುರುತು. ಪ್ರೋಗ್ರಾಮ್ ಮುಚ್ಚಿ ತೆರೆಯುವವರೆಗೂ ಅದು ಹೋಗುವುದಿಲ್ಲ. ಹುಡುಗರು ತಪ್ಪನ್ನು ಗ್ರಾಫಿಕ್ಸ್ ಕಾರ್ಡ್ ಮೇಲೆ ಹಾಕುತ್ತಾರೆ, ಕುಲುಮೆಯ ಕರೆಂಟಿನ ಗದ್ದಲದ ಮೇಲೆ ಹಾಕುತ್ತಾರೆ. ವಿನ್‌ಫಾರ್ಮ್ಸ್‌ನಲ್ಲಿ ಈ ಕೆಂಪು ಗುರುತಿಗೆ ಒಂದೇ ಅರ್ಥ: ಆನ್‌ಪೇಂಟ್‌ನೊಳಗೆ ಯಾವುದೋ ಎಕ್ಸೆಪ್ಶನ್ (ನಡುವೆಯೇ ಕೆಲಸ ನಿಲ್ಲಿಸುವ ದೋಷ) ಎದ್ದಿದೆ. ಒಮ್ಮೆ ಎದ್ದರೆ ಆ ಕಂಟ್ರೋಲ್ ಮತ್ತೆ ನಿಮ್ಮ ಕೋಡನ್ನು ಕರೆಯುವುದನ್ನೇ ಬಿಡುತ್ತದೆ.

ತಾಪಮಾನದ ಗ್ರಾಫಿನಲ್ಲಿ ಆ ಎಕ್ಸೆಪ್ಶನ್ ಹುಟ್ಟುವ ದಾರಿಯೂ ಹೆಚ್ಚಾಗಿ ಒಂದೇ. ಮೀಟರಿನಿಂದ ಸೀರಿಯಲ್ ಪೋರ್ಟಿನಲ್ಲಿ ಅಂಕಿ ಬಂದಾಗ ಏಳುವ ಡೇಟಾರಿಸೀವ್ಡ್ ಈವೆಂಟ್ ಪರದೆಯ ಥ್ರೆಡ್ಡಿನಲ್ಲಿ (ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ನಡೆಯುವ ಒಂದು ಕೆಲಸದ ಸಾಲು) ನಡೆಯುವುದಿಲ್ಲ, ಬೇರೆ ಥ್ರೆಡ್ಡಿನಲ್ಲಿ ನಡೆಯುತ್ತದೆ. ಅಲ್ಲಿ ಲಿಸ್ಟಿಗೆ ಅಂಕಿ ಸೇರಿಸುವ ಗಳಿಗೆಯಲ್ಲೇ ಇತ್ತ ಆನ್‌ಪೇಂಟ್ ಫಾರ್‌ಈಚ್ ಹಾಕಿ ಅದೇ ಲಿಸ್ಟ್ ಓದುತ್ತಿದ್ದರೆ, ಓದುವ ನಡುವೆ ಲಿಸ್ಟ್ ಬದಲಾಯಿತೆಂದು ಎಕ್ಸೆಪ್ಶನ್ ಬೀಳುತ್ತದೆ. ಗಂಟೆಗೊಮ್ಮೆ ಆಗಬಹುದು, ವಾರಕ್ಕೊಮ್ಮೆ ಆಗಬಹುದು. ಅದಕ್ಕೇ ಆಫೀಸಿನಲ್ಲಿ ಕುಳಿತು ಪರೀಕ್ಷಿಸಿದಾಗ ಸಿಗುವುದಿಲ್ಲ. ಬಂದ ಅಂಕಿಯನ್ನು ಬಿಗಿನ್‌ಇನ್‌ವೋಕ್ ಮೂಲಕ ಪರದೆಯ ಥ್ರೆಡ್ಡಿಗೆ ದಾಟಿಸಿ ಅಲ್ಲಿ ಲಿಸ್ಟಿಗೆ ಸೇರಿಸಿದರೆ ಓದುವವನೂ ಬರೆಯುವವನೂ ಒಂದೇ ಥ್ರೆಡ್ಡಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಸ್ವಿಂಗ್‌ನಲ್ಲಿ ಇದೇ ಕೆಲಸ ಇನ್‌ವೋಕ್‌ಲೇಟರ್ ಮಾಡುತ್ತದೆ. ಆನ್‌ಪೇಂಟ್ ಸುತ್ತ ದೋಷವನ್ನು ಸದ್ದಿಲ್ಲದೆ ನುಂಗುವ ಖಾಲಿ ಟ್ರೈ ಕ್ಯಾಚ್ ಕಟ್ಟಿ ಕೆಂಪು ಗುರುತನ್ನು ಅಡಗಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಕುಲುಮೆಯ ಮುಂದೆ ನಿಂತವನು ಆ ಅಂಕಿ ನಂಬಿ ಕೆಲಸ ಮಾಡುತ್ತಾನೆ, ಅರ್ಧ ಬರೆದ ಗ್ರಾಫನ್ನು ಸರಿಯೆಂದು ಓದಿಬಿಡುತ್ತಾನೆ.

ಮಿನುಗುವ ತೊಂದರೆಗೆ ಮದ್ದು ಎಲ್ಲರಿಗೂ ಗೊತ್ತು: ಡಬಲ್‌ಬಫರ್ಡ್ ಟ್ರೂ, ಅಂದರೆ ಚಿತ್ರವನ್ನು ಮರೆಯಲ್ಲಿ ಪೂರ್ತಿ ಬರೆದು ಒಮ್ಮೆಗೇ ತೋರಿಸುವುದು. ಪ್ಯಾನೆಲ್‌ನಲ್ಲಿ ಅದು ಹೊರಗಿನಿಂದ ಕೈಗೆ ಸಿಗುವುದಿಲ್ಲ, ಪ್ಯಾನೆಲ್‌ನಿಂದ ನಿಮ್ಮದೊಂದು ಕ್ಲಾಸ್ ಮಾಡಿಕೊಳ್ಳಬೇಕು. ಸ್ವಿಂಗ್‌ನಲ್ಲಿ ಅದು ತಾನಾಗಿಯೇ ಇರುತ್ತದೆ. ಅಲ್ಲಿ ಹಳೆಯ ಗೆರೆಗಳು ಹೊಸ ಗೆರೆಗಳ ಹಿಂದೆ ಉಳಿದಿದ್ದರೆ ಹಿನ್ನೆಲೆ ಒರೆಸುವ ಸೂಪರ್ ಪೇಂಟ್‌ಕಾಂಪೊನೆಂಟ್ ಕರೆಯುವುದು ಬಿಟ್ಟುಹೋಗಿರುತ್ತದೆ.

ಬೆಳಿಗ್ಗೆ ಚೆನ್ನಾಗಿದ್ದ ಪರದೆ ಸಂಜೆ ಪಾಳಿಯ ಹೊತ್ತಿಗೆ ಕೆಟ್ಟರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಡಿಐ ಆಬ್ಜೆಕ್ಟ್ಸ್ (ಪೆನ್ನು, ಚಿತ್ರದಂಥ ಬರೆಯುವ ಸಾಮಗ್ರಿಗಳ ಎಣಿಕೆ) ಎಂಬ ಕಂಬವನ್ನು ತೆರೆಯಿರಿ. ಒಂದು ಪ್ರೋಗ್ರಾಮಿಗೆ ಸಾಮಾನ್ಯ ಮಿತಿ 10,000. ಅಂಕಿ ಏರುತ್ತಲೇ ಇದ್ದು ಇಳಿಯದಿದ್ದರೆ, ಚಿತ್ರ ಪಡೆಯಲು ಗೆಟ್‌ಎಚ್‌ಬಿಟ್‌ಮ್ಯಾಪ್ ಕರೆದು, ಕೆಲಸ ಮುಗಿದ ಮೇಲೆ ಡಿಲೀಟ್‌ಆಬ್ಜೆಕ್ಟ್ ಮಾಡದ ಜಾಗ ಹುಡುಕಿ. ನೇರ ವಿನ್32 ಕೋಡಾದರೆ ಕ್ರಿಯೇಟ್‌ಪೆನ್ ಮಾಡಿ ಬಿಟ್ಟ ಪೆನ್ನುಗಳನ್ನು ಹುಡುಕಿ.

ಇನ್ನು ನಮ್ಮದೇ ಆದ ತೊಂದರೆ, ಕನ್ನಡ ಅಕ್ಷರದ್ದು. ಇಂಗ್ಲಿಷಿಗೆ ಬರೆದ ಕೋಡು ಒಂದೊಂದೇ ಅಕ್ಷರ ತೆಗೆದು, ಅದರ ಅಗಲ ಅಳೆದು, ಪಕ್ಕಪಕ್ಕ ಬರೆಯುತ್ತದೆ. "ಉಷ್ಣಾಂಶ" ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡಿನಲ್ಲಿ ಏಳು ಸಂಕೇತ. ಒಂದೊಂದಾಗಿ ಬರೆದರೆ ಷಕಾರಕ್ಕೆ ಣಕಾರ ಒತ್ತಾಗುವುದಿಲ್ಲ, ಕಾಗುಣಿತ ಚಿಹ್ನೆಗಳು ಚುಕ್ಕೆ ವೃತ್ತ ಹೊತ್ತು ಒಂಟಿಯಾಗಿ ನಿಲ್ಲುತ್ತವೆ. ಪದವನ್ನು ಇಡಿಯಾಗಿ ಕೊಡಿ, ಅಗಲವನ್ನೂ ಇಡೀ ಪದಕ್ಕೇ ಅಳೆಯಿರಿ. ಎತ್ತರದಲ್ಲೂ ಒಂದು ಬಲೆ ಇದೆ. ಜಾವಾದ ಡ್ರಾಸ್ಟ್ರಿಂಗ್‌ಗೆ ಕೊಡುವ ವೈ ಬೆಲೆ ಅಕ್ಷರ ಕೂರುವ ಗೆರೆಯದ್ದು, ವಿನ್‌ಫಾರ್ಮ್ಸ್‌ನಲ್ಲಿ ಅದು ಅಕ್ಷರದ ಮೇಲಂಚು. ವಿನ್‌ಫಾರ್ಮ್ಸ್ ರೂಢಿಯಿಂದ ಜಾವಾದಲ್ಲಿ ವೈ ಸೊನ್ನೆ ಕೊಟ್ಟರೆ ಅಕ್ಷರವೆಲ್ಲ ಪರದೆಯ ಮೇಲಕ್ಕೆ ಹೋಗಿ, ಗೆರೆಯಿಂದ ಕೆಳಗೆ ಇಳಿಯುವ ಣಕಾರದ ಒತ್ತು ಮಾತ್ರ ಮೇಲಂಚಿಗೆ ಜೋತುಬಿದ್ದು ಕಾಣುತ್ತದೆ. ಒತ್ತಕ್ಷರ ಮಾತ್ರ ಕಂಡರೆ ತಪ್ಪು ವೈನಲ್ಲಿದೆ. ಉಳಿದೆಲ್ಲ ಕಂಡು ಒತ್ತಿನ ಬುಡ ಕತ್ತರಿಸಿದ್ದರೆ ಸಾಲಿನ ಎತ್ತರವನ್ನು ಯಾರೋ ಇಂಗ್ಲಿಷ್ ಅಕ್ಷರ ಅಳೆದು ಗೊತ್ತುಮಾಡಿದ್ದಾರೆ.

ಅಂಚಿನ ಗೆರೆಯ ವಿಷಯ ಚಿಕ್ಕದು. ವಿನ್‌ಫಾರ್ಮ್ಸ್, ಸ್ವಿಂಗ್ ಎರಡರಲ್ಲೂ ಚೌಕಟ್ಟು ಬರೆಯುವ ಫಂಕ್ಷನ್ನಿಗೆ ಪೂರ್ತಿ ಅಗಲ ಎತ್ತರ ಕೊಟ್ಟರೆ ಬಲದ ಮತ್ತು ಕೆಳಗಿನ ಗೆರೆ ಒಂದು ಪಿಕ್ಸೆಲ್ ಹೊರಗೆ ಬಿದ್ದು ಕಾಣೆಯಾಗುತ್ತವೆ. ಅಗಲ, ಎತ್ತರ ಎರಡರಲ್ಲೂ ಒಂದು ಕಳೆಯಿರಿ. ಗೆರೆ ಕಾಣುತ್ತದೆ ಆದರೆ ಮಸುಕಾಗಿದೆ ಎಂದು ಗಿರಾಕಿ ಹೇಳಿದರೆ ಅವರ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್ಸ್ ಕೇಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸ್ಕೇಲ್ 125 ಅಥವಾ 150 ಪ್ರತಿಶತ ಇರುವುದೇ ಹೆಚ್ಚು. ಪ್ರೋಗ್ರಾಮು ತನಗೆ ಸ್ಕೇಲ್ ಗೊತ್ತೆಂದು ಸಿಸ್ಟಮ್ಮಿಗೆ ಹೇಳಿರದಿದ್ದರೆ ವಿಂಡೋಸ್ ಇಡೀ ಚಿತ್ರವನ್ನು ಎಳೆದು ಹಿಗ್ಗಿಸುತ್ತದೆ, ಒಂದು ಪಿಕ್ಸೆಲ್ಲಿನ ಗೆರೆ ಒಂದೂಕಾಲು ಪಿಕ್ಸೆಲ್ ಆಗಲು ಹೋಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಇಳಕಲ್ ದಡಿಯಂಥ ಸಣ್ಣ ಚೌಕುಳಿಯ ಕೆಲಸದಲ್ಲಿ ಇದು ಮೊದಲ ದಿನವೇ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಪ್ರೋಗ್ರಾಮ್ ಕೊಡುವ ಮುಂಚೆ ನಿಮ್ಮ ಕಂಪ್ಯೂಟರಿನ ಸ್ಕೇಲನ್ನು 125ಕ್ಕೆ ಇಟ್ಟು ಒಮ್ಮೆ ಪೂರ್ತಿ ಓಡಿಸಿ ನೋಡಿ.