ಮೊದಲ ಕರೆ ನನಗಲ್ಲ, 112ಕ್ಕೆ

ಒಂದು ಅಕ್ಟೋಬರ್ ರಾತ್ರಿ, ಹತ್ತೂ ಮುಕ್ಕಾಲು ಗಂಟೆ. ಮಲಗುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಕರೆ ಬಂತು. ಜಯನಗರದ ನನ್ನ ಕ್ಲಿನಿಕ್‌ಗೆ ಹದಿನೈದು ವರ್ಷದಿಂದ ಬರುತ್ತಿರುವ ದಂಪತಿ. ಪೋರ್ಚುಗಲ್‌ನಿಂದ ಆ ಮನೆಯಮ್ಮ ಮಾತಾಡುತ್ತಿದ್ದರು. ಅಲ್ಲಿ ಇನ್ನೂ ಸಂಜೆ ಆರೂಕಾಲು, ಬಿಸಿಲಿದ್ದ ಹೊತ್ತು.

"ಡಾಕ್ಟ್ರೇ, ಇವರಿಗೆ ಮಧ್ಯಾಹ್ನದಿಂದ ಗ್ಯಾಸ್ ಆಗಿದೆ. ಜೀರಿಗೆ ನೀರು ಕೊಟ್ಟೆ. ಕಡಿಮೆ ಆಗ್ತಿಲ್ಲ. ಯಾವ ಮಾತ್ರೆ ಕೊಡಲಿ?"

ನಾನು ಕೇಳಿದ್ದು ಎರಡೇ ಪ್ರಶ್ನೆ. ಬೆವರುತ್ತಿದ್ದಾರಾ? ನೋವು ಎಲ್ಲಿದೆ? "ಬನಿಯನ್ ಪೂರ್ತಿ ಒದ್ದೆ. ನೋವು ಅಂತ ಇಲ್ಲ, ದವಡೆ ಹಿಡಿದ ಹಾಗೆ ಇದೆಯಂತೆ" ಅಂದರು. ಅವರ ಯಜಮಾನರಿಗೆ 63 ವರ್ಷ, ಹದಿನಾಲ್ಕು ವರ್ಷದಿಂದ ಶುಗರ್. ನನಗೆ ಅಷ್ಟು ಸಾಕಾಗಿತ್ತು. "ಅಮ್ಮಾ, ಈ ಫೋನ್ ಇಡಿ. 112ಕ್ಕೆ ಮಾಡಿ. ಎದೆಯ ತೊಂದರೆ, ಶುಗರ್ ಇದೆ, ಬೆವರುತ್ತಿದ್ದಾರೆ ಅಂತ ಇಂಗ್ಲಿಷ್‌ನಲ್ಲೇ ಹೇಳಿ. ಆಮೇಲೆ ನನಗೆ ಮಾಡಿ" ಎಂದೆ.

ಅವರು ಒಂದು ಕ್ಷಣ ಸುಮ್ಮನಾದರು. "ಇಲ್ಲೇ ಪಕ್ಕದಲ್ಲಿ ಒಂದು ಕ್ಲಿನಿಕ್ ಇದೆ, ಟ್ಯಾಕ್ಸಿಯಲ್ಲಿ ಹೋಗಿಬಿಡ್ತೀವಿ" ಅಂದರು. ಬೇಡ ಎಂದು ಸ್ವಲ್ಪ ಜೋರಾಗಿಯೇ ಹೇಳಬೇಕಾಯಿತು. ಆ ಜೋರಿನ ಹಿಂದಿನ ಕಾರಣ ಹೇಳುವುದಕ್ಕೇ ಈ ಅಂಕಣ. ಅವರ ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ.

ಮಗಳು ಲಿಸ್ಬನ್‌ನಲ್ಲಿ ಕೆಲಸ ಮಾಡುತ್ತಾಳೆ. ವರ್ಷಕ್ಕೆ ಮೂರು ತಿಂಗಳಾದರೂ ಅವಳ ಹತ್ತಿರ ಇರಬೇಕು, ಆದರೆ ದೊಡ್ಡ ಊರು ಬೇಡ, ಸಮುದ್ರ ಇರಬೇಕು, ಬಿಸಿಲಿರಬೇಕು ಅನ್ನುವುದು ಇವರ ಆಸೆ. ಪೋರ್ಚುಗಲ್‌ನ ದಕ್ಷಿಣ ತುದಿಯ ಅಲ್ಗಾರ್ವ್ ಕರಾವಳಿ ಅಂಥದ್ದೇ ಜಾಗ. ಯೂರೋಪಿನಲ್ಲೇ ತುಂಬಾ ಬಿಸಿಲು ಬೀಳುವ ಕಡೆಗಳಲ್ಲಿ ಅದೂ ಒಂದು. ಲಾಗೋಸ್ ಊರಿನಲ್ಲಿ ಮೂರು ವಾರಕ್ಕೆ ಒಂದು ಮನೆ ಹಿಡಿದು, ಜಾಗ ನೋಡಿಕೊಂಡು ಬರೋಣ ಅಂತ ಹೊರಟರು. ಹೊರಡುವ ಮುಂಚೆ ನನ್ನ ಹತ್ತಿರ ಬಂದಿದ್ದರು. ಬಿಪಿ ನೋಡಿದೆ, ಶುಗರ್ ನೋಡಿದೆ, ಮೂರು ವಾರದ ಮಾತ್ರೆ ಬರೆದುಕೊಟ್ಟೆ. ಎಲ್ಲಿ ಇಳಿದುಕೊಳ್ಳುತ್ತೀರಿ, ಅಲ್ಲಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರ ಎಂದು ಕೇಳಲಿಲ್ಲ. ಅದು ನನ್ನ ತಪ್ಪು. ಈಗ ಯಾರು ಬಂದರೂ ಮೊದಲು ಅದನ್ನೇ ಕೇಳುತ್ತೇನೆ.

ಹೃದಯಾಘಾತದಲ್ಲಿ ಆಗುವುದು ಇಷ್ಟು. ರಕ್ತನಾಳದ ಒಳಗೆ ಕೂತಿದ್ದ ಕೊಬ್ಬಿನ ಪದರ ಒಡೆಯುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ನಾಳ ಪೂರ್ತಿ ಮುಚ್ಚಿದರೆ ಅದರಾಚೆಯ ಹೃದಯದ ಸ್ನಾಯು ಅರ್ಧ ಗಂಟೆಯಿಂದಲೇ ಸಾಯತೊಡಗುತ್ತದೆ. ಆರರಿಂದ ಹನ್ನೆರಡು ಗಂಟೆಯೊಳಗೆ ಸಾಯಬೇಕಾದ್ದು ಬಹುಪಾಲು ಸತ್ತಿರುತ್ತದೆ. ಹೋದ ಸ್ನಾಯು ವಾಪಸ್ ಬರುವುದಿಲ್ಲ. ಅದಕ್ಕೇ ನಾವು ನಿಮಿಷ ಎಣಿಸುವುದು. ಇಸಿಜಿ ಹತ್ತು ನಿಮಿಷದೊಳಗೆ ಆಗಬೇಕು. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವುದು) ಆಗುವುದಿಲ್ಲ ಅನ್ನಿಸಿದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಆದರೂ ಬೀಳಬೇಕು.

ಶುಗರ್ ಇರುವವರಲ್ಲಿ ತೊಂದರೆ ಇನ್ನೂ ಜಾಸ್ತಿ. ವರ್ಷಗಟ್ಟಲೆ ಶುಗರ್ ಇದ್ದರೆ ನೋವಿನ ಸುದ್ದಿ ಒಯ್ಯುವ ನರಗಳೇ ಮಂದವಾಗಿರುತ್ತವೆ. ಎದೆ ಹಿಡಿದುಕೊಂಡು ಕುಸಿಯುವುದನ್ನು ನಾವು ಸಿನಿಮಾದಲ್ಲಿ ನೋಡಿದ್ದೇವೆ ಅಲ್ವಾ, ಇವರಲ್ಲಿ ಅದು ಕಾಣದೇ ಹೋಗಬಹುದು. ಸುಸ್ತು, ಬೆವರು, ವಾಕರಿಕೆ, ದವಡೆ ಅಥವಾ ಭುಜದಲ್ಲಿ ಭಾರ, ಇಷ್ಟೇ. ಹೆಂಗಸರಲ್ಲೂ ವಯಸ್ಸಾದವರಲ್ಲೂ ಎಷ್ಟೋ ಸಲ ಹೀಗೇ. ನಮ್ಮ ಮನೆಗಳಲ್ಲಿ ಇದಕ್ಕೆ ಗ್ಯಾಸ್ ಎಂದು ಹೆಸರಿಡುತ್ತೇವೆ. ಅವತ್ತು ಮಧ್ಯಾಹ್ನ ಮೂರು ಗಂಟೆಗೆ, ಸಾಗ್ರೆಸ್‌ನ ಸಮುದ್ರದ ಮೇಲಿನ ಕೋಟೆ ನೋಡುವಾಗಲೇ ಇವರಿಗೆ ಶುರುವಾಗಿತ್ತು. ಹೊಸ ಊರು, ಹೊಸ ಊಟ, ಬಿಸಿಲು. ನೆಪಕ್ಕೆ ಬರವಿರಲಿಲ್ಲ. ಮೂರು ಗಂಟೆ ಹಾಗೇ ಹೋಯಿತು.

ಇನ್ನು ಟ್ಯಾಕ್ಸಿ ಯಾಕೆ ಬೇಡ ಎಂದೆ? ಹೃದಯಾಘಾತದ ಮೊದಲ ಒಂದೆರಡು ಗಂಟೆಯಲ್ಲಿ ಹೃದಯದ ಲಯ ತಪ್ಪಿ ಬಡಿತ ನಿಂತುಹೋಗುವ ಅಪಾಯ ತುಂಬಾ ಇರುತ್ತದೆ. ಆಗ ಬೇಕಾಗುವುದು ಶಾಕ್ ಕೊಡುವ ಯಂತ್ರ. ಅದು ಆಂಬುಲೆನ್ಸ್‌ನಲ್ಲಿ ಇರುತ್ತದೆ, ಟ್ಯಾಕ್ಸಿಯಲ್ಲಿ ಇರುವುದಿಲ್ಲ. ಇನ್ನೊಂದು ಕಾರಣ, ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆ ಆಗಿರಬೇಕೆಂದಿಲ್ಲ. ಇದು ಬೆಂಗಳೂರಿನಲ್ಲೂ ನಡೆಯುತ್ತದೆ. ಮನೆ ಪಕ್ಕದ ನರ್ಸಿಂಗ್ ಹೋಮ್‌ಗೆ ಹೋಗಿ, ಅಲ್ಲಿ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್‌ಲ್ಯಾಬ್ ಇಲ್ಲ ಎಂದು ಮತ್ತೆ ಜಯದೇವಕ್ಕೆ ಓಡುವಾಗ ಎರಡು ಸಿಗ್ನಲ್‌ನಲ್ಲಿ ನಲವತ್ತು ನಿಮಿಷ ಕಳೆದವರನ್ನು ನೋಡಿದ್ದೇನೆ.

ಪೋರ್ಚುಗಲ್‌ನಲ್ಲಿ ಇದಕ್ಕೆ ಒಂದು ಒಳ್ಳೆಯ ವ್ಯವಸ್ಥೆ ಇದೆ. 'ವಿಯಾ ವೆರ್ದ್' ಅಂತಾರೆ, ಹಸಿರು ದಾರಿ. ಅಂಗಾಂಗ ಸಾಗಿಸುವಾಗ ನಮ್ಮಲ್ಲಿ ಝೀರೋ ಟ್ರಾಫಿಕ್ ಮಾಡುತ್ತಾರಲ್ಲ, ಅದರ ಹಾಗೆ, ಆದರೆ ಇದು ಆಸ್ಪತ್ರೆಯ ಒಳಗೂ ನಡೆಯುತ್ತದೆ. 112ಕ್ಕೆ ಕರೆ ಹೋದರೆ ಅವರ ತುರ್ತು ವೈದ್ಯಕೀಯ ಸೇವೆಯವರು ಬಂದು ಸ್ಥಳದಲ್ಲೇ ಇಸಿಜಿ ತೆಗೆಯುತ್ತಾರೆ. ಹೃದಯಾಘಾತ ಎಂದು ಗೊತ್ತಾದರೆ ನೇರ ಆಂಜಿಯೋಪ್ಲಾಸ್ಟಿ ಆಗುವ ಕಡೆಗೇ ಒಯ್ಯುತ್ತಾರೆ, ಅಲ್ಲಿಗೆ ಮುಂಚೆಯೇ ಸುದ್ದಿ ಹೋಗಿರುತ್ತದೆ. ನಾವಾಗಿಯೇ ನಡೆದುಕೊಂಡು ಹೋದರೆ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿನ ತುರ್ತು ವಿಭಾಗಗಳಲ್ಲಿ, ಯಾರನ್ನು ಎಷ್ಟು ಬೇಗ ನೋಡಬೇಕು ಎಂದು ವಿಂಗಡಿಸುವ ಮ್ಯಾಂಚೆಸ್ಟರ್ ಪದ್ಧತಿಯ ಬಣ್ಣದ ಪಟ್ಟಿ ಕಟ್ಟುತ್ತಾರೆ. ಕೆಂಪಾದರೆ ತಕ್ಷಣ, ಕಿತ್ತಳೆಯಾದರೆ 10 ನಿಮಿಷ, ಹಳದಿಯಾದರೆ ಒಂದು ಗಂಟೆ, ಹಸಿರಾದರೆ ಎರಡು ಗಂಟೆ. "ಸ್ವಲ್ಪ ಗ್ಯಾಸ್" ಎಂದು ಹೇಳಿದವರಿಗೆ ಯಾವ ಬಣ್ಣ ಸಿಗಬಹುದು, ನೀವೇ ಯೋಚಿಸಿ.

112 ಇಡೀ ಯೂರೋಪಿಯನ್ ಒಕ್ಕೂಟಕ್ಕೆ ಒಂದೇ ನಂಬರ್. ದುಡ್ಡು ಬೀಳುವುದಿಲ್ಲ. ಈಗ ನಮ್ಮ ದೇಶದಲ್ಲೂ ಅದೇ ನಂಬರ್ ಇದೆ. ಬೇರೆ ಕರಾವಳಿಗೆ ಹೋಗುವವರು ಅಲ್ಲಿಯದನ್ನು ಬರೆದುಕೊಳ್ಳಿ. ಆಂಬುಲೆನ್ಸ್‌ಗೆ ಥಾಯ್ಲೆಂಡ್‌ನಲ್ಲಿ 1669, ಶ್ರೀಲಂಕಾದಲ್ಲಿ 1990, ದುಬೈನಲ್ಲಿ 998, ಆಸ್ಟ್ರೇಲಿಯಾದಲ್ಲಿ 000.

ಆ ರಾತ್ರಿ ಎರಡನೇ ಸಲ ಫೋನ್ ಬಂದಾಗ ಆಂಬುಲೆನ್ಸ್ ಹೊರಟಿತ್ತು. ಯಜಮಾನರನ್ನು ಓಡಾಡಿಸಬೇಡಿ, ಒರಗಿ ಕೂರಿಸಿ ಎಂದೆ. ಅವರ ಹೆಂಡತಿಯ ಮಾತ್ರೆ ಚೀಲದಲ್ಲಿ ಎಕೋಸ್ಪ್ರಿನ್ 75, ಅಂದರೆ 75 ಮಿಲಿಗ್ರಾಂ ಆಸ್ಪಿರಿನ್, ಇತ್ತು. ಇವರಿಗೆ ಆಸ್ಪಿರಿನ್ ಅಲರ್ಜಿ ಇಲ್ಲ, ಹೊಟ್ಟೆ ಹುಣ್ಣಿಲ್ಲ, ರಕ್ತಸ್ರಾವದ ತೊಂದರೆ ಇಲ್ಲ ಎಂದು ನನಗೆ ಗೊತ್ತಿತ್ತು. ನಾಲ್ಕು ಮಾತ್ರೆ, ಅಂದರೆ 300 ಮಿಲಿಗ್ರಾಂ, ನುಂಗಿಸದೆ ಅಗಿಯಲು ಹೇಳಿದೆ. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಬಂದ ಆಂಬುಲೆನ್ಸ್‌ನವರಿಗೆ ಏನು ಕೊಟ್ಟಿರಿ ಎಂದು ತಪ್ಪದೆ ಹೇಳಿ ಎಂದೂ ಹೇಳಿದೆ. ಇರಲಿ ಅಂತ ಯಾರೋ ನೆಂಟರು ಕಟ್ಟಿಕೊಟ್ಟಿದ್ದ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಕೂಡ ಚೀಲದಲ್ಲಿತ್ತು. ಅದು ಬೇಡ ಎಂದೆ. ಬಿಪಿ ಎಷ್ಟಿದೆ ಎಂದು ತಿಳಿಯದೆ ಅದನ್ನು ನಾಲಿಗೆ ಕೆಳಗಿಟ್ಟರೆ ಬಿಪಿ ಧಿಡೀರನೆ ಬೀಳಬಹುದು. ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದಿದ್ದರೆ ಅದು ಪ್ರಾಣಕ್ಕೇ ಕುತ್ತು. ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡವರಿಗೂ ಹಾಗೇ. ಡಾಕ್ಟರು ನಿಮಗೆಂದೇ ಬರೆದುಕೊಟ್ಟಿದ್ದರೆ ಮಾತ್ರ ಸಾರ್ಬಿಟ್ರೇಟ್ ಇಟ್ಟುಕೊಳ್ಳಿ.

ಅವರು ಹಿಡಿದಿದ್ದ ಮನೆ ಮೂರನೇ ಮಹಡಿ. ಹಳೇ ಕಟ್ಟಡ, ಚಂದದ ಬಾಲ್ಕನಿ, ಸಮುದ್ರ ಕಾಣುತ್ತದೆ. ಲಿಫ್ಟ್ ಇಲ್ಲ. ಇಕ್ಕಟ್ಟು ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗಲಿಲ್ಲ, ಕುರ್ಚಿಯಲ್ಲಿ ಕೂರಿಸಿ ಇಳಿಸಿದರಂತೆ. ಆಂಜಿಯೋಪ್ಲಾಸ್ಟಿ ಆಗುವ ಆಸ್ಪತ್ರೆ ಇರುವುದು ಫಾರೋ ನಗರದಲ್ಲಿ, ಲಾಗೋಸ್‌ನಿಂದ ಎಂಬತ್ತು ಕಿಲೋಮೀಟರ್‌ಗೂ ಜಾಸ್ತಿ. ಹೆದ್ದಾರಿ ಚೆನ್ನಾಗಿದೆ, ಆದ್ದರಿಂದ ಬದುಕಿಕೊಂಡರು. ಒಂದು ಸ್ಟೆಂಟ್ ಬಿತ್ತು. ಹೃದಯದ ಪಂಪಿಂಗ್ ಸ್ವಲ್ಪ ಕಡಿಮೆಯಾಗಿದೆ. ಆ ಮೂರು ಗಂಟೆ ಉಳಿದಿದ್ದರೆ ಅಷ್ಟೂ ಕಡಿಮೆಯಾಗುತ್ತಿರಲಿಲ್ಲವೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ವಿದೇಶದಲ್ಲಿ ಜಾಗ ನೋಡಲು ಹೋಗುವವರು ಬೀಚ್ ನೋಡುತ್ತಾರೆ, ಬಾಡಿಗೆ ಕೇಳುತ್ತಾರೆ, ತೊಗರಿಬೇಳೆ ಸಿಗುತ್ತದಾ ಎಂದು ವಿಚಾರಿಸುತ್ತಾರೆ. ದಯವಿಟ್ಟು ಒಂದು ದಿನ ಇದಕ್ಕೂ ಇಡಿ. ದಿನದ 24 ಗಂಟೆಯೂ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಯಾವುದು, ಸ್ಟ್ರೋಕ್ ನೋಡುವುದು ಯಾವುದು, ಮನೆಯಿಂದ ಎಷ್ಟು ಹೊತ್ತು. ಮ್ಯಾಪ್ ನೋಡಿದರೆ ಸಾಲದು. ರಾತ್ರಿ ಒಮ್ಮೆ ಆ ರಸ್ತೆಯಲ್ಲಿ ಹೋಗಿ ಬನ್ನಿ. ರಜಾಕಾಲದಲ್ಲಿ ಪ್ರವಾಸಿಗರು ತುಂಬಿದಾಗ ಹೇಗಿರುತ್ತದೆ ಎಂದು ಅಲ್ಲಿನವರನ್ನು ಕೇಳಿ. ಹಸಿರು ಶಿಲುಬೆಯ ಬೋರ್ಡ್ ಇರುವುದು ಔಷಧಿ ಅಂಗಡಿ. ರಾತ್ರಿ ಸರದಿಯ ಮೇಲೆ ಯಾವುದು ತೆರೆದಿರುತ್ತದೆ ಎಂಬ ವಿವರ ಬಾಗಿಲಲ್ಲೇ ಅಂಟಿಸಿರುತ್ತಾರೆ.

ಆ ಅಂಗಡಿಯಲ್ಲಿ ಹಳೇ ಸ್ಟ್ರಿಪ್ ತೋರಿಸಿ "ಇದೇ ಕೊಡಿ" ಎಂದರೆ ನಡೆಯುವುದಿಲ್ಲ. ಚೀಟಿ ಬೇಕು. ನಮ್ಮ ಬ್ರಾಂಡ್ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಶುಗರ್‌ಗೆ ನಾವು ಕೊಡುವ ಮೂರು ಔಷಧಿ ಸೇರಿದ ಮಾತ್ರೆಗಳು ಅಲ್ಲಿ ಸಿಗದೇ ಇರಬಹುದು. ಹಾಗಾಗಿ ನಿಮ್ಮ ಡಾಕ್ಟರ ಹತ್ತಿರ ಔಷಧಿಯ ಮೂಲ ಹೆಸರಿನಲ್ಲಿ, ಅಚ್ಚು ಮಾಡಿದ ಚೀಟಿ ಬರೆಸಿಕೊಳ್ಳಿ. ಮಾತ್ರೆ ಕೈಚೀಲದಲ್ಲಿರಲಿ. ಇನ್ಸುಲಿನ್ ಲಗೇಜಿಗೆ ಹಾಕಲೇಬೇಡಿ, ಸರಕಿನ ಜಾಗದಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ. ದುಬೈ ಮೇಲೆ ಹೋಗುವವರು ಗಮನಿಸಿ, ನರದ ನೋವಿಗೆ ಬರೆಯುವ ಪ್ರಿಗ್ಯಾಬಲಿನ್ ಮತ್ತು ಟ್ರಮಡಾಲ್ ಮೇಲೆ ಆ ದೇಶದಲ್ಲಿ ನಿಯಂತ್ರಣವಿದೆ. ಇಳಿದುಕೊಳ್ಳುವುದಾದರೆ ಮೊದಲೇ ಅನುಮತಿ ಪಡೆಯಬೇಕು.

ನಾನು ತುಂಬಾ ಒತ್ತಿ ಹೇಳುವುದು ಹಳೇ ಇಸಿಜಿ ಬಗ್ಗೆ. ಹೊಸ ಇಸಿಜಿಯಲ್ಲಿ ಕಾಣುವ ಬದಲಾವಣೆ ಇವತ್ತಿನದಾ, ಹತ್ತು ವರ್ಷದ್ದಾ ಎಂದು ಅಪರಿಚಿತ ಡಾಕ್ಟರಿಗೆ ತಿಳಿಯುವುದು ಹಳೆಯದನ್ನು ಪಕ್ಕಕ್ಕಿಟ್ಟಾಗಲೇ. ಇವರ ಇಸಿಜಿ ಮನೆಯ ಬೀರುವಿನ ಫೈಲಿನಲ್ಲಿತ್ತು. ನನ್ನ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿದ್ದಕ್ಕೆ ಕಳಿಸಿದೆ. ನಿಮ್ಮದು ಒಂದು ಫೋಟೋ ತೆಗೆದು ಫೋನಿನಲ್ಲಿಡಿ, ಒಂದು ನಿಮಿಷದ ಕೆಲಸ.

ವಿಮೆಯ ವಿಷಯ. ಪೋರ್ಚುಗಲ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ, ಆದ್ದರಿಂದ ಎಲ್ಲರ ಹತ್ತಿರವೂ ಒಂದು ಪಾಲಿಸಿ ಇರುತ್ತದೆ. ಅದರೊಳಗೆ ಏನಿದೆ ಎಂದು ಓದಿದವರು ಕಡಿಮೆ. ಮೊದಲಿನಿಂದ ಇರುವ ಕಾಯಿಲೆಯನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ, ಕೆಲವು ಪ್ರಾಣಾಪಾಯ ಇದ್ದಾಗ ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ಇವರ ಅರ್ಜಿ ತುಂಬಿದ ಏಜೆಂಟ್, ಪ್ರೀಮಿಯಂ ಕಡಿಮೆಯಾಗಲಿ ಅಂತ ಶುಗರ್ ಮುಂದೆ 'ಇಲ್ಲ' ಎಂದು ಗುರುತು ಹಾಕಿದ್ದ. ಇವರು ಓದದೆ ಸಹಿ ಮಾಡಿದ್ದರು. ಆ ಒಂದು ಗುರುತಿಗೆ ತಿಂಗಳುಗಟ್ಟಲೆ ಓಡಾಡಿದರು. ಶುಗರ್, ಬಿಪಿ, ಥೈರಾಯ್ಡ್, ಏನಿದ್ದರೂ ಬರೆಯಿಸಿ. ಆಸ್ಪತ್ರೆ ಸೇರಿದ ಕೂಡಲೇ ಪಾಲಿಸಿಯ ಸಹಾಯವಾಣಿಗೆ ಮನೆಯವರು ಒಬ್ಬರು ತಿಳಿಸಬೇಕು. ತಡವಾದರೆ ಅದೂ ಒಂದು ತಕರಾರು.

ಸಮುದ್ರದ ಬಗ್ಗೆ ಎರಡು ಮಾತು. ಉಡುಪಿ, ಗೋಕರ್ಣದ ನೀರಿನ ಬಿಸುಪು ಅಲ್ಲಿಲ್ಲ. ಅಟ್ಲಾಂಟಿಕ್ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಸುಡುವ ಮರಳಿನಿಂದ ಎದ್ದು ಒಮ್ಮೆಲೇ ಇಳಿದರೆ ಬಿಪಿ, ಬಡಿತ ಎರಡೂ ಏರುತ್ತವೆ. ಹೃದಯದ ತೊಂದರೆ ಇರುವವರು ಮೊದಲು ಕಾಲು ನೆನೆಸಿ. ಒಣ ಗಾಳಿಗೆ ಬೆವರು ಆರಿಹೋಗುವುದರಿಂದ ನೀರು ಕಳೆದುಕೊಂಡದ್ದೇ ಗೊತ್ತಾಗುವುದಿಲ್ಲ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ಹೊರಡುವ ಮುಂಚೆ ಡಾಕ್ಟರ ಹತ್ತಿರ ಮಾತಾಡಿ.

ವಾಪಸ್ ಬರುವ ವಿಮಾನದ ಬಗ್ಗೆ ಮಗಳು ದಿನಾ ಕೇಳುತ್ತಿದ್ದಳು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟು. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಂದರೆ ಗಂಟೆಗಟ್ಟಲೆ ಆ ಬೆಟ್ಟದ ನೆತ್ತಿಯ ಮೇಲೆ, ಇಲ್ಲವೇ ಅದಕ್ಕಿಂತ ಮೇಲೆ ಕೂತ ಹಾಗೆ. ಗಾಯವಾದ ಹೃದಯಕ್ಕೆ ಅದು ಕೆಲಸವೇ. ಎಷ್ಟು ದಿನ ಕಾಯಬೇಕು ಎನ್ನುವುದು ಪಂಪಿಂಗ್, ಲಯ, ಉಳಿದ ಬ್ಲಾಕ್‌ಗಳ ಮೇಲೆ ನಿಂತಿರುತ್ತದೆ. ಫಾರೋದ ಡಾಕ್ಟರು ಹೇಳಿದಷ್ಟು ದಿನ ಕಾದು, ವಿಮಾನ ಸಂಸ್ಥೆಯ ವೈದ್ಯಕೀಯ ಫಾರಂ ತುಂಬಿಸಿ, ಗಾಲಿಕುರ್ಚಿ ಹೇಳಿ ಹೊರಟರು. ಆಂಜಿಯೋಗ್ರಾಂನ, ಅಂದರೆ ಹೃದಯದ ರಕ್ತನಾಳಗಳ ಚಿತ್ರದ, ಸಿಡಿ ಕೇಳಿ ತನ್ನಿ ಎಂದಿದ್ದೆ, ತಂದರು. ಡಿಸ್ಚಾರ್ಜ್ ಪತ್ರ ಪೋರ್ಚುಗೀಸ್‌ನಲ್ಲಿತ್ತು, ಆದರೆ ಸಿಡಿಗೆ ಭಾಷೆಯ ತೊಂದರೆ ಇಲ್ಲವಲ್ಲ.

ಅವರು ಆಸೆ ಬಿಟ್ಟಿಲ್ಲ. ನಾನೂ ಬಿಡಿ ಎಂದು ಹೇಳಿಲ್ಲ. ಹೋದ ತಿಂಗಳು ಚೆಕಪ್‌ಗೆ ಬಂದಾಗ ಯಜಮಾನರು ಫೋನ್ ತೆಗೆದು ಒಂದು ಮನೆಯ ಫೋಟೋ ತೋರಿಸಿದರು. "ಒಲ್ಯಾಂವ್ ಅಂತ ಊರು ಡಾಕ್ಟ್ರೇ. ಫಾರೋಗೆ ಹತ್ತು ಕಿಲೋಮೀಟರ್ ಅಷ್ಟೇ. ಸಮುದ್ರ ಪೂರ್ತಿ ಕಾಣಲ್ಲ, ಒಂದು ಪಟ್ಟಿ ಕಾಣುತ್ತೆ." ಅವರ ಹೆಂಡತಿ ಪಕ್ಕದಿಂದಲೇ ಸೇರಿಸಿದರು: "ಲಿಫ್ಟ್ ಇದೆ. ಒಳಗಿನ ಅಳತೆ ಕೇಳಿ ಮೇಲ್ ಹಾಕಿದ್ದೀನಿ, ಸ್ಟ್ರೆಚರ್ ಹಿಡಿಸುತ್ತಾ ನೋಡಬೇಕು."