ಹತ್ತನೇ ಇಯತ್ತೆಯ ಮೊದಲ ಪಾಠ, ಆದಿಕಾಂಡದ ಮೊದಲ ಅಧ್ಯಾಯ

ಮಹಾರಾಷ್ಟ್ರ ಬೋರ್ಡಿನ ಹತ್ತನೇ ಇಯತ್ತೆಯ ವಿಜ್ಞಾನ ಪುಸ್ತಕದ ಎರಡನೇ ಭಾಗ ತೆರೆದರೆ ಮೊದಲ ಪಾಠವೇ ಅನುವಂಶಿಕತೆ ಮತ್ತು ಜೀವವಿಕಾಸ. ಮುಂಬೈ, ಪುಣೆಯ ಕನ್ನಡ ಕ್ರೈಸ್ತ ಸಭೆಗಳ ಮಕ್ಕಳು ಇದನ್ನು ವಾರವಿಡೀ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಭಾನುವಾರ ಬಂತೆಂದರೆ ಸತ್ಯವೇದದ (ಬೈಬಲಿನ) ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿಕಥೆಯನ್ನು ಕನ್ನಡದಲ್ಲಿ ಕೇಳುತ್ತಾರೆ. ಎರಡೂ ಒಂದೇ ತಲೆಯಲ್ಲಿ ಕೂರಬೇಕು. ಹಾಗಾಗಿ ಸಂಡೇ ಸ್ಕೂಲಿನಲ್ಲಿ ಏಳುವ ಪ್ರಶ್ನೆ ಬಹಳ ನೇರವಾಗಿರುತ್ತದೆ: “ಟೀಚರ್, ಮನುಷ್ಯ ವಿಕಾಸವಾಗಿ ಬಂದ ಅಂತ ಪರೀಕ್ಷೆಯಲ್ಲಿ ಬರೆದರೆ ಪಾಪ ಆಗುತ್ತಾ?”

ಆಗುವುದಿಲ್ಲ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ಮಗು ಎರಡು ಕಪಾಟು ಮಾಡಿಕೊಳ್ಳುತ್ತದೆ, ಒಂದು ಶಾಲೆಗೆ, ಒಂದು ದೇವರಿಗೆ. ಕಾಲೇಜಿಗೆ ಹೋಗುವ ಹೊತ್ತಿಗೆ ಎರಡನೆಯದಕ್ಕೆ ಬೀಗ ಬೀಳುತ್ತದೆ. ಸಂಡೇ ಸ್ಕೂಲನ್ನೋ ಧರ್ಮೋಪದೇಶ ತರಗತಿಯನ್ನೋ ನಡೆಸುವವರು ಈ ವಿಷಯಕ್ಕೆ ಒಂದೂವರೆ ಗಂಟೆ ಪೂರ್ತಿ ಇಡಬೇಕು. ಅದನ್ನು ಹೇಗೆ ಬಳಸಬೇಕು, ಎಲ್ಲಿ ಎಡವುತ್ತದೆ ಎಂಬುದು ಇಲ್ಲಿದೆ.

ಮೊದಲು ಪದಗಳ ತೊಡಕು ಬಿಡಿಸಿ. ಮರಾಠಿ ಪುಸ್ತಕದಲ್ಲಿ ‘ಉತ್ಕ್ರಾಂತಿ’ ಎಂದಿರುತ್ತದೆ, ಕನ್ನಡದಲ್ಲಿ ‘ವಿಕಾಸವಾದ’ ಎನ್ನುತ್ತೇವೆ. ಎರಡೂ ದಾರಿ ತಪ್ಪಿಸುತ್ತವೆ. ‘ಉತ್ಕ್ರಾಂತಿ’ಯಲ್ಲಿ ಮೇಲಕ್ಕೇರುವ ಅರ್ಥವಿದೆ, ಜೊತೆಗೆ ನಮ್ಮ ಕಿವಿಗೆ ‘ಕ್ರಾಂತಿ’ ಕೇಳಿಸುತ್ತದೆ. ‘ವಿಕಾಸ’ ಎಂದರೆ ಅರಳುವುದು. ಹೀಗಾಗಿ ಜೀವಿಗಳು ಏಣಿ ಹತ್ತಿದಂತೆ ಉತ್ತಮವಾಗುತ್ತಾ ಬಂದವು ಎಂಬ ಚಿತ್ರ ಮನಸ್ಸಿನಲ್ಲಿ ಕೂತುಬಿಡುತ್ತದೆ. ವಿಜ್ಞಾನ ಹಾಗೆ ಹೇಳುವುದೇ ಇಲ್ಲ. ಕತ್ತಲ ಗವಿಯ ನೀರಿನಲ್ಲಿ ತಲೆಮಾರುಗಳ ಮೇಲೆ ಕಣ್ಣು ಕಳೆದುಕೊಂಡ ಮೀನಿನದೂ ವಿಕಾಸವೇ. ಇನ್ನು ‘ವಾದ’. ಕನ್ನಡದಲ್ಲಿ ವಾದವೆಂದರೆ ಒಂದು ಪಕ್ಷದ ಮಾತು, ಅದಕ್ಕೆ ಪ್ರತಿವಾದ ಇದ್ದೇ ಇರಬೇಕು. “ಅದು ಬರೀ ವಾದ” ಎಂದು ಹಿರಿಯರು ತಳ್ಳಿಹಾಕುವುದು ಇದೇ ಕಾರಣಕ್ಕೆ. ಬೋರ್ಡಿನ ಮೇಲೆ ‘ಜೀವವಿಕಾಸ ಸಿದ್ಧಾಂತ’ ಎಂದು ಬರೆಯಿರಿ. ಪರೀಕ್ಷೆಗೆ ಒಡ್ಡಿ ನಿಂತ ತೀರ್ಮಾನಕ್ಕೆ ನಮ್ಮಲ್ಲಿ ಸಿದ್ಧಾಂತ ಎಂಬ ಒಳ್ಳೆಯ ಪದವೇ ಇದೆ.

ಮುಂದಿನ ಅರ್ಧ ಗಂಟೆ ವಿಜ್ಞಾನದ ಸುದ್ದಿಯೇ ಬೇಡ. ಪ್ರತಿ ಮಗುವೂ ಒಂದು ಹಾಳೆಯನ್ನು ಉದ್ದಕ್ಕೆ ಮಡಚಲಿ. ಎಡಗಡೆ ಆದಿಕಾಂಡ 1:1ರಿಂದ 2:3ರವರೆಗೆ, ಬಲಗಡೆ 2:4ರಿಂದ ಆ ಅಧ್ಯಾಯದ ಕೊನೆಯವರೆಗೆ ಯಾವುದಾದ ಮೇಲೆ ಯಾವುದಾಯಿತು ಎಂದು ಸತ್ಯವೇದ ನೋಡಿಯೇ ಬರೆಯಲಿ. ಎಡಗಡೆ ಗಿಡಮರ, ಪ್ರಾಣಿಪಕ್ಷಿ, ಕೊನೆಗೆ ಗಂಡು ಹೆಣ್ಣು ಒಟ್ಟಿಗೆ. ಬಲಗಡೆ ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಪಕ್ಷಿ, ಕಡೆಗೆ ಹೆಣ್ಣು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟ ಪುರಾತನರಿಗೆ ಈ ವ್ಯತ್ಯಾಸ ಕಂಡಿರಲಿಲ್ಲವೇ? ಕಂಡೇ ಇತ್ತು. ದಿನಚರಿ ಒಪ್ಪಿಸುವುದು ಅವರ ಉದ್ದೇಶವಾಗಿರಲಿಲ್ಲ.

ಆಮೇಲೆ ಎಡಗಡೆಯ ಆರು ದಿನಗಳನ್ನು ಮೂರು ಮೂರಾಗಿ ಎದುರುಬದುರು ಬರೆಸಿ. ಮೊದಲ ದಿನ ಬೆಳಕು, ನಾಲ್ಕನೇ ದಿನ ಸೂರ್ಯಚಂದ್ರ. ಎರಡನೇ ದಿನ ಆಕಾಶ ಮತ್ತು ನೀರು, ಐದನೇ ದಿನ ಹಕ್ಕಿ ಮತ್ತು ಮೀನು. ಮೂರನೇ ದಿನ ನೆಲ, ಆರನೇ ದಿನ ನೆಲದ ಪ್ರಾಣಿ ಮತ್ತು ಮನುಷ್ಯ. ಮೊದಲ ಮೂರು ದಿನ ಮನೆ ಕಟ್ಟಿ, ಮುಂದಿನ ಮೂರು ದಿನ ಒಕ್ಕಲು ತುಂಬಿಸಿದ ಹಾಗೆ. ಇದು ರಚನೆ, ಕ್ಯಾಲೆಂಡರ್ ಅಲ್ಲ. ಸೂರ್ಯನೇ ಇಲ್ಲದೆ ಮೂರು ಸಾಯಂಕಾಲ, ಮೂರು ಪ್ರಾತಃಕಾಲ ಹೇಗೆ ಎಂದು ಒರಿಗೆನ್ ಎಂಬ ಕ್ರೈಸ್ತ ಪಂಡಿತ ಮೂರನೇ ಶತಮಾನದಲ್ಲೇ ಕೇಳಿದ್ದ. ಡಾರ್ವಿನ್ ತನ್ನ ಗ್ರಂಥ ಪ್ರಕಟಿಸಿದ್ದು 1859ರಲ್ಲಿ. ಆದಿಕಾಂಡವನ್ನು ಅಕ್ಷರಶಃ ಓದಬಾರದೆಂಬುದು ವಿಜ್ಞಾನಕ್ಕೆ ಹೆದರಿ ಹುಟ್ಟಿದ ಜಾಣತನವಲ್ಲ ಎನ್ನಲು ಇದೊಂದೇ ಸಾಕು.

ಇಲ್ಲಿ ಬಹಳ ಟೀಚರುಗಳು ಮಾಡುವ ತಪ್ಪೊಂದಿದೆ. “ಒಂದು ದಿನ ಎಂದರೆ ಕೋಟ್ಯಂತರ ವರ್ಷ, ಆದ್ದರಿಂದ ಬೈಬಲ್ ಮತ್ತು ವಿಜ್ಞಾನ ಒಂದೇ” ಎಂದು ಹೇಳಿಬಿಡುವುದು. ಕೇಳಲು ಹಿತವಾಗಿರುತ್ತದೆ, ಆದರೆ ಬುದ್ಧಿವಂತ ಹುಡುಗಿಯೊಬ್ಬಳು ಎರಡೇ ನಿಮಿಷದಲ್ಲಿ ಬೀಳಿಸಬಲ್ಲಳು. ಸೂರ್ಯನಿಗಿಂತ ಮೊದಲು ಹಣ್ಣಿನ ಮರ, ನೆಲದ ಪ್ರಾಣಿಗಿಂತ ಮೊದಲು ಹಕ್ಕಿ. ದಿನವನ್ನು ಎಷ್ಟು ಹಿಗ್ಗಿಸಿದರೂ ಪಳೆಯುಳಿಕೆಗಳ ಅನುಕ್ರಮಕ್ಕೆ ಇದು ಕೂಡಿಬರುವುದಿಲ್ಲ.

ಭೂಮಿಗೆ 6000 ವರ್ಷ ಎಂಬ ಮಾತು ಸತ್ಯವೇದದ ಯಾವ ವಚನದಲ್ಲೂ ಇಲ್ಲ. ವಂಶಾವಳಿಗಳ ವರ್ಷ ಕೂಡಿಸಿ ಕ್ರಿ.ಪೂ. 4004 ಎಂದು ಲೆಕ್ಕ ಹಾಕಿದವರು ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್, 1650ರಲ್ಲಿ. ಮುಂದೆ ಆ ಇಸವಿ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಅಚ್ಚಾಯಿತು. ಅಂಚಿನಲ್ಲಿದ್ದದ್ದು ಓದುಗರ ಮನಸ್ಸಿನಲ್ಲಿ ವಚನದೊಳಗೇ ಇಳಿಯಿತು. ನೋಹನ ಕಾಲದ ಜಲಪ್ರಳಯವೇ ಎಲ್ಲ ಕಲ್ಲಿನ ಪದರಗಳನ್ನೂ ಮಾಡಿತೆಂಬ ಇಂದಿನ ಪ್ರಚಾರ ಬಲಗೊಂಡದ್ದು 1961ರ ನಂತರ, ಅಮೆರಿಕದಲ್ಲಿ. ಮೊಬೈಲಿನಲ್ಲಿ ಹರಿದಾಡುವ ವೀಡಿಯೋಗಳ ಬೇರು ಅಲ್ಲಿದೆ. ನಮ್ಮ ಅಜ್ಜಿಯರ ವಿಶ್ವಾಸ ಅದಕ್ಕಿಂತ ಹಳೆಯದು.

ಜಲಪ್ರಳಯದ ಆ ವಾದಕ್ಕೆ ಉತ್ತರ ಮುಂಬೈಯ ನೆಲದಲ್ಲೇ ಇದೆ. ವರ್ಲಿ ಗುಡ್ಡದಲ್ಲಿ ಲಾವಾದ ಕಪ್ಪು ಕಲ್ಲಿನ ಪದರಗಳ ನಡುವೆ ಕೆಸರುಗಲ್ಲಿನ ಪದರ ಸಿಕ್ಕಿತು. ಅದರೊಳಗೆ ಪುಟ್ಟ ಕಪ್ಪೆಗಳ ಅಸ್ಥಿಪಂಜರ. 1847ರಲ್ಲಿ ಅವುಗಳಿಗೆ ಹೆಸರಿಟ್ಟವರು ರಿಚರ್ಡ್ ಓವನ್, ಮುಂದೆ ಡಾರ್ವಿನ್‌ನನ್ನು ಕಟುವಾಗಿ ಟೀಕಿಸಿದ ಪಂಡಿತ. ಇಂದು ಆ ಕಪ್ಪೆಗೆ ಇಂಡೋಬ್ಯಾಟ್ರಾಕಸ್ ಎನ್ನುತ್ತಾರೆ. ಮಕ್ಕಳ ಮುಂದೆ ಇದನ್ನು ನಿಧಾನವಾಗಿ ಬಿಡಿಸಿ. ಲಾವಾ ಹರಿಯಿತು. ಆರಿತು. ತಗ್ಗಿನಲ್ಲಿ ನೀರು ನಿಂತಿತು, ಕೆಸರು ಕೂತಿತು, ಕಪ್ಪೆಗಳು ಬಂದು ಸಂಸಾರ ಹೂಡಿದವು. ಆಮೇಲೆ ಅದರ ಮೇಲೆ ಮತ್ತೆ ಲಾವಾ. ಒಂದೇ ವರ್ಷದ ಪ್ರಳಯದ ನೀರಿನಡಿ ಇಷ್ಟೆಲ್ಲ ನಡೆಯಲು ಸಾಧ್ಯವಿಲ್ಲ. ಈ ಕಲ್ಲುಗಳ ವಯಸ್ಸು 6 ಕೋಟಿ ವರ್ಷದ ಮೇಲೆ.

“ಕಾರ್ಬನ್ ಡೇಟಿಂಗ್ ಸುಳ್ಳಂತೆ” ಎಂದು ಒಬ್ಬನಾದರೂ ಇಲ್ಲಿ ಕೈ ಎತ್ತುತ್ತಾನೆ. ಕಾರ್ಬನ್ 14ರ ಅರ್ಧಾಯುಷ್ಯ (ಅದು ಅರ್ಧಕ್ಕಿಳಿಯಲು ಹಿಡಿಯುವ ಕಾಲ) 5730 ವರ್ಷ, ಸುಮಾರು 50,000 ವರ್ಷದಾಚೆಗೆ ಅದು ಕೆಲಸಕ್ಕೆ ಬಾರದು. ಆದ್ದರಿಂದ ಲಾವಾ ಕಲ್ಲಿಗೆ ಅದನ್ನು ಬಳಸುವುದೇ ಇಲ್ಲ. ಅಲ್ಲಿ ಬಳಸುವುದು ಪೊಟ್ಯಾಸಿಯಂ 40. ಅದರ ಅರ್ಧಾಯುಷ್ಯ 125 ಕೋಟಿ ವರ್ಷ, ಅದರ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಲಾವಾ ಕರಗಿದ್ದಾಗ ಹಳೆಯ ಆರ್ಗಾನ್ ಹೊರಗೆ ಹೋಗುತ್ತದೆ, ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಕಲ್ಲು ಗಟ್ಟಿಯಾದ ಕ್ಷಣದಿಂದ ಗಡಿಯಾರ ಶುರು.

ಮಂಗನ ವಿಷಯಕ್ಕೆ ಬರೋಣ. “ಮಂಗನಿಂದ ಬಂದೆವಾದರೆ ಮಂಗ ಇನ್ನೂ ಯಾಕಿದೆ?” ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದದ ಉತ್ತರವಿದೆ: ದಾಯಾದಿ. ಚಿಂಪಾಂಜಿ ನಮ್ಮ ಅಜ್ಜನಲ್ಲ, ದೊಡ್ಡಪ್ಪನ ಮಗ. ಇಬ್ಬರ ಮೂಲ ಮನೆ ಸುಮಾರು 60–70 ಲಕ್ಷ ವರ್ಷದ ಹಿಂದೆ ಒಂದೇ ಆಗಿತ್ತು. ಪುರಾವೆಗೆ ಒಂದೇ ಒಂದು ಉದಾಹರಣೆ ಸಾಕು, ಹತ್ತು ಹೇಳಿ ಗೊಂದಲ ಮಾಡಬೇಡಿ. ಮೇಕೆ, ನಾಯಿ, ಹಸು ತಮಗೆ ಬೇಕಾದ ವಿಟಮಿನ್ ಸಿಯನ್ನು ಪಿತ್ತಜನಕಾಂಗದಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಲಿಂಬೆ, ನೆಲ್ಲಿಕಾಯಿ ಬೇಕು. ಆ ಕೆಲಸದ ಕೊನೆಯ ಹಂತದ ವಂಶವಾಹಿ (ಜೀನ್) ನಮ್ಮಲ್ಲೂ ಇದೆ, ಆದರೆ ಮುರಿದುಬಿದ್ದಿದೆ. ಚಿಂಪಾಂಜಿಯಲ್ಲೂ, ನಮ್ಮ ಕೆಂಪು ಮೂತಿಯ ಮಂಗದಲ್ಲೂ ಮುರಿದಿದೆ, ಒಂದೇ ಬಗೆಯ ಮುರಿತಗಳ ಗುರುತಿನೊಂದಿಗೆ. ಗಿನಿ ಪಿಗ್‌ನಲ್ಲೂ ಅದು ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ. ಹಳಗನ್ನಡ ಓಲೆಗರಿಗಳನ್ನು ಸಂಪಾದಿಸುವವರು ಮಾಡುವುದೂ ಇದನ್ನೇ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಕಂಡರೆ ಎರಡೂ ಒಂದೇ ತಾಯಿಪ್ರತಿಯಿಂದ ಇಳಿದವು ಎನ್ನುತ್ತಾರೆ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳನ್ನು ವಂಶವಂಶವಾಗಿ ವಿಂಗಡಿಸಿದ್ದೂ ಇದೇ ವಿಧಾನದಿಂದ. ನಮ್ಮ ಕೈಯಲ್ಲಿರುವ ಸತ್ಯವೇದದ ಪಾಠವನ್ನು ಶುದ್ಧಮಾಡಿದ ತರ್ಕವನ್ನು ವಂಶವಾಹಿಯ ವಿಷಯದಲ್ಲಿ ಮಾತ್ರ ಒಲ್ಲೆ ಎನ್ನುವುದು ಸರಿಯಲ್ಲ.

ಹಾಗಾದರೆ ದೇವರು ಮಾಡಿದ್ದೇನು? ಇದೇ ಇಡೀ ತರಗತಿಯ ನಡುಗಂಬ. “ತಾಯಿಯ ಗರ್ಭದಲ್ಲಿ ನನ್ನನ್ನು ರೂಪಿಸಿದವನು ನೀನೇ” ಎಂಬರ್ಥದ ಮಾತು ಕೀರ್ತನೆ 139:13ರಲ್ಲಿದೆ. ಅದನ್ನು ಹಾಡುವ ತಾಯಿಯೇ ಸೋನೋಗ್ರಫಿಗೂ ಹೋಗುತ್ತಾಳೆ. ಒಂದು ಕೋಶ ಎರಡಾಗಿ, ನಾಲ್ಕಾಗಿ ಮಗುವಾಗುವುದನ್ನು ವೈದ್ಯರು ಹಂತಹಂತವಾಗಿ ವಿವರಿಸಿದರೂ ಮಗು ಹುಟ್ಟಿದಾಗ ಮನೆಯವರು “ದೇವರು ಕೊಟ್ಟ ಕೂಸು” ಎಂದೇ ಅನ್ನುತ್ತಾರೆ. ಯಾರಿಗೂ ಅದು ವಿರೋಧಾಭಾಸ ಅನ್ನಿಸುವುದಿಲ್ಲ. ಒಂದು ಮಗುವಿಗೆ ಒಂಬತ್ತು ತಿಂಗಳಲ್ಲಿ ಸಲ್ಲುವ ಮಾತು ಜೀವಕುಲಕ್ಕೆ ಕೋಟ್ಯಂತರ ವರ್ಷಗಳಲ್ಲಿ ಯಾಕೆ ಸಲ್ಲಬಾರದು? ಆದಿಕಾಂಡ 1:24ರಲ್ಲಿ ದೇವರು ಜೀವಜಂತುಗಳನ್ನು ಹುಟ್ಟಿಸಲು ಹೇಳುವುದು ಭೂಮಿಗೇ.

“ಆದರೆ ವಿಜ್ಞಾನ ಎಲ್ಲವನ್ನೂ ಆಕಸ್ಮಿಕ ಅನ್ನುತ್ತದಲ್ಲ?” ಈ ಆಕ್ಷೇಪಕ್ಕೆ ಟಿಬಿಯ ಉದಾಹರಣೆ ಹಿಡಿಯಿರಿ. ಚಾಳುಗಳಲ್ಲಿ ಬೆಳೆದ ಮಕ್ಕಳಿಗೆ ಆರು ತಿಂಗಳ ಕೋರ್ಸ್ ಗೊತ್ತಿರುತ್ತದೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಒಂದೇ ಮಾತ್ರೆ ಯಾಕೆ ಸಾಲದು? ಐಸೋನಿಯಾಜಿಡ್‌ಗೆ ಜಗ್ಗದ ರೋಗಾಣು ಸುಮಾರು 10 ಲಕ್ಷಕ್ಕೊಂದು, ರಿಫಾಂಪಿಸಿನ್‌ಗೆ ಜಗ್ಗದ್ದು ಸುಮಾರು 10 ಕೋಟಿಗೊಂದು ತಾನಾಗಿ ಹುಟ್ಟುತ್ತಿರುತ್ತವೆ. ಶ್ವಾಸಕೋಶದ ಒಂದು ಗುಳಿಯಲ್ಲಿ 100 ಕೋಟಿಯವರೆಗೂ ರೋಗಾಣುಗಳಿರಬಹುದು. ಒಂದೇ ಔಷಧ ಕೊಟ್ಟರೆ ಜಗ್ಗದವು ಉಳಿದು, ಬೆಳೆದು ಗುಳಿಯನ್ನೆಲ್ಲ ತುಂಬುತ್ತವೆ. ಎರಡಕ್ಕೂ ಒಟ್ಟಿಗೆ ಜಗ್ಗದ್ದು ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟರಲ್ಲಿ ಒಂದು. ರೋಗಾಣುವಿನಲ್ಲಿ ಬದಲಾವಣೆ ಹುಟ್ಟುವುದು ಆಕಸ್ಮಿಕ, ಆಯ್ಕೆ ಆಕಸ್ಮಿಕವಲ್ಲ. ಇದು ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ, ಕಣ್ಣೆದುರು. ಕೋರ್ಸ್ ನಡುವೆ ಬಿಟ್ಟವರ ಮನೆಯಲ್ಲಿ ಇದರ ಬೆಲೆ ಏನೆಂದು ಮುಂಬೈಗೆ ಹೇಳಿಕೊಡಬೇಕಾಗಿಲ್ಲ. ಸಭೆಯಲ್ಲಿ ರೋಗಿಗಾಗಿ ಪ್ರಾರ್ಥಿಸುತ್ತೇವೆ, ಮಾತ್ರೆಯನ್ನೂ ಎಣಿಸಿ ಕೊಡುತ್ತೇವೆ. ಆಕಸ್ಮಿಕ ಎಂದ ಕೂಡಲೇ ದೇವರಿಲ್ಲ ಎಂದಾಗುವುದಿಲ್ಲ. ಚೀಟಿ ಹಾಕುವುದು ಮನುಷ್ಯ, ತೀರ್ಪು ಕರ್ತನದು ಎಂಬ ಭಾವ ಜ್ಞಾನೋಕ್ತಿ 16:33ರಲ್ಲೇ ಇದೆ.

ಸಭೆಗಳು ಏನು ಹೇಳಿವೆ ಎಂಬುದನ್ನು ಬೇಗ ಮುಗಿಸಬಹುದು. ಕಥೋಲಿಕರಿಗೆ ಪೋಪ್ 12ನೇ ಭಕ್ತಿನಾಥರು (ಪಿಯುಸ್) 1950ರಲ್ಲಿ, ಮನುಷ್ಯದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಎಂದು ಸಂಶೋಧಿಸಲು ಅಡ್ಡಿಯಿಲ್ಲ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದರು. 1996ರಲ್ಲಿ ಎರಡನೇ ಜಾನ್ ಪಾಲ್ ಈ ಸಿದ್ಧಾಂತ ಬರೀ ಊಹೆಗಿಂತ ಹೆಚ್ಚಿನದು ಎಂದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದರು. ಪ್ರೊಟೆಸ್ಟಂಟರಲ್ಲಿ ಒಂದೇ ಪೀಠವಿಲ್ಲ. ಡಾರ್ವಿನ್‌ನನ್ನು ಅಮೆರಿಕದಲ್ಲಿ ಮೊದಲು ಸಮರ್ಥಿಸಿದ ಸಸ್ಯವಿಜ್ಞಾನಿ ಏಸಾ ಗ್ರೇ ಪ್ರೆಸ್ಬಿಟೇರಿಯನ್ ವಿಶ್ವಾಸಿ. ಮಾನವ ಜೀನೋಮ್ ಯೋಜನೆ ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಇವ್ಯಾಂಜೆಲಿಕಲ್ ವಿಶ್ವಾಸಿ. ಪ್ರಾಚೀನ ಸಭೆಯ ಪಂಡಿತ ಅಗಸ್ಟೀನರ ಹೆಸರನ್ನೂ ಹೇಳಿ, ಆದರೆ ಎಚ್ಚರದಿಂದ. ಬೀಜರೂಪದಲ್ಲಿಟ್ಟದ್ದು ಕಾಲಕ್ರಮದಲ್ಲಿ ಹೊರಬಂತು ಎಂದು ಅವರು ಬರೆದದ್ದು ನಿಜ, ಆದರೆ ಪ್ರಪಂಚಕ್ಕೆ 6000 ವರ್ಷ ತುಂಬಿಲ್ಲವೆಂದೇ ಅವರೂ ನಂಬಿದ್ದರು. ಅವರನ್ನು ಡಾರ್ವಿನ್‌ನ ಗುರು ಮಾಡಬೇಡಿ.

ಉಳಿದ ಸಮಯವನ್ನೆಲ್ಲ ನಿಜವಾದ ಎರಡು ಗಂಟುಗಳಿಗೆ ಕೊಡಿ. ಆರು ದಿನದ ಜಗಳ ಬಿಡಿಸುವುದು ಸುಲಭ. ಇವು ಹಾಗಲ್ಲ.

ಮೊದಲನೆಯದು ಆದಾಮ. ಹೀಬ್ರೂವಿನಲ್ಲಿ ಆದಾಮ್ ಎಂದರೆ ಮನುಷ್ಯ, ಅದಾಮಾ ಎಂದರೆ ಮಣ್ಣು. ಆದರೆ ಲೂಕ 3:38ರ ವಂಶಾವಳಿಯಲ್ಲಿ ಅವನು ಒಬ್ಬ ವ್ಯಕ್ತಿ, ರೋಮಾಪುರದವರಿಗೆ ಬರೆದ ಪತ್ರದ 5:12ರಲ್ಲಿ ಪೌಲನು ಒಬ್ಬನಿಂದ ಪಾಪ ಬಂತೆನ್ನುತ್ತಾನೆ. ಇತ್ತ ವಂಶವಾಹಿಗಳ ವೈವಿಧ್ಯ ನೋಡಿದರೆ ನಮ್ಮ ಪೂರ್ವಜರ ಗುಂಪು ಸಾವಿರಾರು ಜನರದು, ಇಬ್ಬರಿಗೆ ಇಳಿದದ್ದಲ್ಲ. ಆದಾಮ ಪ್ರತಿಯೊಬ್ಬ ಮನುಷ್ಯನ ಚಿತ್ರ ಎನ್ನುವವರಿದ್ದಾರೆ. ಅನೇಕರ ನಡುವಿನಿಂದ ದೇವರು ಕರೆದ ಪ್ರತಿನಿಧಿ ಎನ್ನುವವರಿದ್ದಾರೆ. ಕರೆದವನ ವಂಶ ಮುಂದೆ ಎಲ್ಲರ ವಂಶದಲ್ಲೂ ಬೆರೆಯಿತು ಎಂಬ ಮೂರನೇ ಮಾತಿಗೆ ಲೆಕ್ಕದ ಆಸರೆಯೂ ಇದೆ: 10 ತಲೆಮಾರು ಹಿಂದಕ್ಕೆ ಹೋದರೆ ಪೂರ್ವಜರ ಸ್ಥಾನ 1024, 30 ತಲೆಮಾರಿಗೆ 107 ಕೋಟಿ ದಾಟುತ್ತದೆ, ಆದ್ದರಿಂದ ಹಿಂದೆ ಹೋದಂತೆ ಎಲ್ಲರ ಪೂರ್ವಜರೂ ಬೆರೆತುಹೋಗುತ್ತಾರೆ. ಇವುಗಳಲ್ಲಿ ಎರಡನೆಯ ಮಾತೇ, ಅಂದರೆ ಆದಾಮ ಕರೆಯಲ್ಪಟ್ಟ ಪ್ರತಿನಿಧಿ ಎಂಬುದೇ, ಸತ್ಯವೇದದ ನಡೆಗೆ ಹತ್ತಿರ ಎಂಬುದು ಈ ಅಂಕಣದ ಅಭಿಪ್ರಾಯ. ಊರ್ ಪಟ್ಟಣದ ಜನರ ನಡುವೆ ಅಬ್ರಹಾಮ, ಇಷಯನ ಮಕ್ಕಳ ನಡುವೆ ದಾವೀದ, ಹೀಗೆ ದೇವರು ಗುಂಪಿನಿಂದಲೇ ಒಬ್ಬನನ್ನು ಕರೆಯುತ್ತಾರೆ. ಜೊತೆಗೆ ಆದಾಮನ ಮಗ ಕಾಯಿನನು “ಕಂಡವರು ನನ್ನನ್ನು ಕೊಂದಾರು” ಎಂದು ಹೆದರಿದ್ದು ಯಾರಿಗೆ, ಅವನ ಹೆಂಡತಿ ಎಲ್ಲಿಯವಳು? ಆದಿಕಾಂಡ 4:14–17 ಓದಿಸಿ, ಮಕ್ಕಳೇ ಕೇಳುತ್ತಾರೆ.

ಎರಡನೆಯದು ಸಾವು. ಆದಾಮನ ಪಾಪಕ್ಕೆ ಮೊದಲು ಸಾವಿರಲಿಲ್ಲವೆಂದರೆ ವರ್ಲಿಯ ಕಪ್ಪೆ ಸತ್ತದ್ದು ಹೇಗೆ? ಬೇಡವೆಂದ ಹಣ್ಣು ತಿಂದ ದಿನವೇ ಸಾಯುವಿ ಎಂದು ಆದಿಕಾಂಡ 2:17ರಲ್ಲಿದೆ, ಆದರೆ 5:5ರಲ್ಲಿ ಆದಾಮ ಬದುಕಿದ್ದು 930 ವರ್ಷ. ಆ ದಿನ ಬಂದ ಸಾವು ದೇವರಿಂದ ಅಗಲಿಕೆ ಎಂದು ಓದುವುದು ಪಠ್ಯಕ್ಕೆ ನ್ಯಾಯ. ಕೀರ್ತನೆ 104:21ರಲ್ಲಿ ಸಿಂಹದ ಮರಿಗಳು ಗರ್ಜಿಸಿ ದೇವರಿಂದಲೇ ಆಹಾರ ಬೇಡುತ್ತವೆ, ಅದೂ ಸೃಷ್ಟಿಯನ್ನು ಕೊಂಡಾಡುವ ಹಾಡಿನಲ್ಲಿ. ಆದರೂ ಕೋಟಿ ಕೋಟಿ ವರ್ಷಗಳ ನೋವು ಯಾಕೆ ಎಂಬುದು ಇಷ್ಟಕ್ಕೆ ತೀರುವುದಿಲ್ಲ. ತೀರಿತು ಎಂದು ಮಕ್ಕಳಿಗೆ ಹೇಳಬೇಡಿ. ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಪೌಲನು ರೋಮಾ 8:22ರಲ್ಲಿ ಬರೆದ. ಆ ನರಳಾಟದೊಳಗೆ ಶಿಲುಬೆಯೂ ಇದೆ. ಕ್ರೈಸ್ತರು ಆ ಪ್ರಶ್ನೆಯನ್ನು ಹೊತ್ತು ನಿಲ್ಲುವ ಜಾಗ ಅದು.

ಈ ತರಗತಿ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ವಿಜ್ಞಾನಕ್ಕೇ ಗಂಟೆ ಮುಗಿದು, ಆದಾಮನ ಮಾತು ಮುಂದಿನ ವಾರಕ್ಕೆ ಹೋಗುತ್ತದೆ. ಮಗು ಮನೆಗೆ ಹೋಗಿ “ಅಜ್ಜೀ, ಆದಾಮ ಹವ್ವ ಎಲ್ಲಾ ಸುಳ್ಳಂತೆ” ಎನ್ನುತ್ತದೆ, ಸೋಮವಾರ ಪಾಸ್ಟರ್ ಫೋನು ಬಡಿದುಕೊಳ್ಳುತ್ತದೆ. ಸಮಯ ಸಾಲದಿದ್ದರೆ ಕಾರ್ಬನ್ ಲೆಕ್ಕ ಬಿಡಿ, ಟಿಬಿಯ ಲೆಕ್ಕವನ್ನೂ ಬಿಡಿ, ಕೊನೆಯ ಎರಡು ಗಂಟುಗಳನ್ನು ಬಿಡಬೇಡಿ. ಅಜ್ಜಿ, ಅಮ್ಮಂದಿರಿಗೆ ಹಿಂದಿನ ಬೆಂಚು ಹಾಕಿಸಿ, ಇಡೀ ಪಾಠವನ್ನು ಕನ್ನಡದಲ್ಲೇ ನಡೆಸಿ. ದಾಯಾದಿ ಎಂಬ ಮಾತು ಮಕ್ಕಳಿಗಿಂತ ಅವರಿಗೆ ಬೇಗ ಅರ್ಥವಾಗುತ್ತದೆ.